ತೊಟ್ಟಿಲ ಬಳಿ ಪತ್ತೇದಾರ

ಪತ್ತೇದಾರನೆಂದರೆ ನಮ್ಮಲ್ಲಿ ಹಲವರಿಗೆ ಮೊದಲು ನೆನಪಾಗುವುದು ಕಾದಂಬರಿಯ ಪತ್ತೇದಾರ. ಕನ್ನಡದಲ್ಲಿ ಓದಿದವರಿಗೆ ಎನ್. ನರಸಿಂಹಯ್ಯನವರ ಪುರುಷೋತ್ತಮ. ಉರ್ದುವಿನಲ್ಲಿ ಓದಿದವರಿಗೆ 1952ರಲ್ಲಿ ಅಲಹಾಬಾದಿನಿಂದ ಹೊರಡತೊಡಗಿದ ಇಬ್ನೆ ಸಫಿಯವರ 'ಜಾಸೂಸಿ ದುನಿಯಾ'. ಆ ಕಾದಂಬರಿಗಳ ಪತ್ತೇದಾರ ತನಗಿಂತ ಬಲಿಷ್ಠನಾದ ಅಪರಾಧಿಯ ಬೆನ್ನು ಹತ್ತುತ್ತಿದ್ದ. ಆದ್ದರಿಂದಲೇ ನಾವು ಅವನನ್ನು ಮೆಚ್ಚಿಕೊಂಡೆವು. ಇಂದು ಹಣ ಕೊಟ್ಟು ಗೊತ್ತು ಮಾಡಬಹುದಾದ ಖಾಸಗಿ ಪತ್ತೇದಾರನ ಕೆಲಸ ಬೇರೆ. ಮದುವೆಗೆ ಮುಂಚೆ ವರನ ಚರಿತ್ರೆ, ಗಂಡ ಹೆಂಡತಿಯರ ಓಡಾಟ, ನೌಕರರ ನಡತೆ ಇವೇ ಅವನಿಗೆ ಸಿಗುವ ಕೆಲಸಗಳು. ಹಣ ಕೊಡುವವನು ಒಬ್ಬ, ಕಣ್ಗಾವಲಿಗೆ ಒಳಗಾಗುವವನು ಇನ್ನೊಬ್ಬ. ಸಾಮಾನ್ಯವಾಗಿ ಆ ಇನ್ನೊಬ್ಬನೇ ಬಡವ.

ಈಗ ಒಂದು ಪ್ರಶ್ನೆಯನ್ನು ನಮ್ಮ ಮುಂದಿಟ್ಟುಕೊಳ್ಳೋಣ. ಮಗುವನ್ನು ಬಿಟ್ಟು ಬರುವ ಡೇ ಕೇರಿನ ಆಯಾ ಮಗುವಿಗೆ ಹೊಡೆಯುತ್ತಿದ್ದಾಳೆಂಬ ಸಂಶಯ ಹೆತ್ತವರಿಗೆ ಬಂದಿದೆ. ಮಗುವಿಗೆ ಮಾತು ಬರುವುದಿಲ್ಲ. ಆಗ ಅವಳ ಬೆನ್ನ ಹಿಂದೆ ಒಬ್ಬ ಪತ್ತೇದಾರನನ್ನು ಬಿಡುವುದು, ಅವಳಿಗೆ ತಿಳಿಯದಂತೆ ಒಂದು ಗುಪ್ತ ಕ್ಯಾಮೆರಾ ಇಡಿಸುವುದು ಸರಿಯೇ?

ಇದು ಮುಂಬಯಿ, ಬೆಂಗಳೂರಿನವರ ಪ್ರಶ್ನೆ ಎಂದು ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಯ ನಾವು ಕೈತೊಳೆದುಕೊಳ್ಳುವಂತಿಲ್ಲ. ಒಂದು ಕಾಲದಲ್ಲಿ ನಮ್ಮ ತಾಯಂದಿರ ಮಡಿಲಲ್ಲಿ ಬೀಡಿಯ ಗೆರಸೆ, ಪಕ್ಕದಲ್ಲಿ ಮಗುವಿನ ತೊಟ್ಟಿಲು ಇರುತ್ತಿತ್ತು. ದುಡಿಮೆ ಮತ್ತು ಮಗು ಒಂದೇ ಜಗಲಿಯಲ್ಲಿದ್ದವು. ಅಜ್ಜಿ, ಅತ್ತೆ, ನೆರೆಯವರು ಎಲ್ಲರ ಕಣ್ಣೂ ಆ ಜಗಲಿಯ ಮೇಲಿತ್ತು. ಈಗ ಮಗಳು ಬಿ.ಸಿ. ರೋಡಿನ ಅಂಗಡಿಗೋ, ಬ್ಯಾಂಕಿಗೋ, ಶಾಲೆಗೋ, ಆಸ್ಪತ್ರೆಗೋ ಹೋಗುತ್ತಾಳೆ. ಅಳಿಯ ಕೊಲ್ಲಿಯಲ್ಲಿದ್ದಾನೆ. ಕೂಡುಕುಟುಂಬ ಒಡೆದಿದೆ. ಅಂಗನವಾಡಿ ಮೊದಲಿನಿಂದಲೂ ಇತ್ತು. 2023ರಲ್ಲಿ ರಾಜ್ಯ ಸರಕಾರ ಕೂಲಿಗೆ ಹೋಗುವ ತಾಯಂದಿರ ಮೂರು ವರ್ಷದೊಳಗಿನ ಮಕ್ಕಳಿಗಾಗಿ ಗ್ರಾಮ ಪಂಚಾಯತಿಗಳಲ್ಲಿ 'ಕೂಸಿನ ಮನೆ'ಗಳನ್ನು ತೆರೆಯುವುದಾಗಿ ಘೋಷಿಸಿತು. ಪೇಟೆಗಳಲ್ಲಿ ಖಾಸಗಿ ಡೇ ಕೇರ್‌ಗಳ ಫಲಕಗಳೂ ಕಾಣಿಸುತ್ತವೆ. ಹಾಗಾಗಿ ಮಗುವನ್ನು ಅಪರಿಚಿತ ಕೈಗೆ ಒಪ್ಪಿಸುವ ಅಳುಕು ನಮ್ಮ ಮನೆಗಳಿಗೂ ಬಂದಿದೆ.

ಆ ಅಳುಕಿಗೆ ಕಾರಣವಿಲ್ಲದಿಲ್ಲ. 2016ರ ನವೆಂಬರಿನಲ್ಲಿ ನವಿ ಮುಂಬಯಿಯ ಖಾರ್ಘರ್‌ನ ಡೇ ಕೇರ್ ಒಂದರಲ್ಲಿ ಹತ್ತು ತಿಂಗಳ ಹಸುಳೆಯನ್ನು ಆಯಾ ಹೊಡೆದು, ಒದ್ದು, ನೆಲಕ್ಕೆ ಎಸೆದ ದೃಶ್ಯವನ್ನು ದೇಶವೇ ನೋಡಿತು. ಆಯಾಳ ಜೊತೆಗೆ ಡೇ ಕೇರಿನ ಒಡತಿಯೂ ಬಂಧನಕ್ಕೊಳಗಾದಳು. ಗಮನಿಸಬೇಕಾದ ಸಂಗತಿಯೊಂದಿದೆ. ಅಲ್ಲಿ ಕ್ಯಾಮೆರಾ ಮೊದಲೇ ಇತ್ತು. ಅದು ಎಲ್ಲವನ್ನೂ ದಾಖಲಿಸುತ್ತಿತ್ತು. ನೋಡುವವರು ಯಾರೂ ಇರಲಿಲ್ಲ. ಮಗುವಿನ ಮೈಮೇಲಿನ ಗಾಯವನ್ನು ಕಂಡು ಹೆತ್ತವರು ವಿಚಾರಿಸತೊಡಗಿದ ಮೇಲೆಯೇ ಆ ದೃಶ್ಯ ಹೊರಬಂತು. 2024ರ ಆಗಸ್ಟಿನಲ್ಲಿ ಮಹಾರಾಷ್ಟ್ರದ ಬದ್ಲಾಪುರದ ಶಾಲೆಯಲ್ಲಿ ಇಬ್ಬರು ಪುಟ್ಟ ಹೆಣ್ಣುಮಕ್ಕಳ ಮೇಲೆ ಶುಚಿತ್ವದ ಕೆಲಸಗಾರನೊಬ್ಬ ದೌರ್ಜನ್ಯ ನಡೆಸಿದ ಆರೋಪ ಬಂದಾಗ ಬೇಕಾದ ದಿನಗಳ ಸಿಸಿಟಿವಿ ದೃಶ್ಯಗಳೇ ಸಿಗಲಿಲ್ಲ. ದೂರು ದಾಖಲಿಸಿಕೊಳ್ಳಲು ಪೊಲೀಸರು ಹೆತ್ತವರನ್ನು ಗಂಟೆಗಟ್ಟಲೆ ಕಾಯಿಸಿದರು. ಜನರು ರೈಲು ಹಳಿಯ ಮೇಲೆ ಕುಳಿತುಬಿಟ್ಟರು. ಇಂಥದ್ದನ್ನು ಓದಿದ ತಾಯಿಯೊಬ್ಬಳು ಪೊಲೀಸರಿಗಿಂತ ಪತ್ತೇದಾರನೇ ವಾಸಿ ಎಂದುಕೊಂಡರೆ ಅವಳನ್ನು ಸುಲಭವಾಗಿ ತೆಗಳಲಾಗದು.

ಆದರೆ ಸಂಶಯಕ್ಕೆ ಇನ್ನೊಂದು ಚರಿತ್ರೆಯೂ ಇದೆ. 1983ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದ ಮ್ಯಾಕ್‌ಮಾರ್ಟಿನ್ ಶಿಶುವಿಹಾರದ ಮೇಲೆ ಒಬ್ಬ ತಾಯಿ ಹೊರಿಸಿದ ಆರೋಪ ನೂರಾರು ಮಕ್ಕಳ ವಿಚಾರಣೆಯಾಗಿ ಬೆಳೆಯಿತು. ಉತ್ತರವನ್ನು ಪ್ರಶ್ನೆಯಲ್ಲೇ ಇಟ್ಟು ಮಕ್ಕಳನ್ನು ಮತ್ತೆ ಮತ್ತೆ ಕೇಳಲಾಯಿತು. ಏಳು ವರ್ಷಗಳ ಬಳಿಕ, 1990ರಲ್ಲಿ, ಒಬ್ಬರಿಗೂ ಶಿಕ್ಷೆಯಾಗದೆ ಮೊಕದ್ದಮೆ ಮುಗಿಯಿತು. ಅಷ್ಟರಲ್ಲಿ ಒಬ್ಬ ಶಿಕ್ಷಕ ಐದು ವರ್ಷ ಸೆರೆಯಲ್ಲಿ ಕಳೆದಿದ್ದ. ನಮ್ಮ ಬೆಂಗಳೂರಿನಲ್ಲೇ 2014ರ ಜುಲೈಯಲ್ಲಿ ಆರು ವರ್ಷದ ಶಾಲಾ ಬಾಲಕಿಯ ಮೇಲಿನ ಅತ್ಯಾಚಾರ ಪ್ರಕರಣದಲ್ಲಿ ಮೊದಲು ಸ್ಕೇಟಿಂಗ್ ತರಬೇತುದಾರನೊಬ್ಬನನ್ನು ಬಂಧಿಸಲಾಯಿತು. ಅವನ ಹೆಸರೂ ಮುಖವೂ ಊರೆಲ್ಲ ಹರಡಿದವು. ಕೆಲವೇ ದಿನಗಳಲ್ಲಿ ಪೊಲೀಸರು ಅದೇ ಪ್ರಕರಣದಲ್ಲಿ ಬೇರೆ ಇಬ್ಬರನ್ನು ಬಂಧಿಸಿದರು. ಮಗುವಿನ ಮೇಲೆ ನಡೆದ ಅಪರಾಧ ಸುಳ್ಳಾಗಿರಲಿಲ್ಲ. ಆದರೆ ಅಪರಾಧ ನಿಜವಾದ ಮಾತ್ರಕ್ಕೆ ಕೈಗೆ ಸಿಕ್ಕ ಮೊದಲ ಮನುಷ್ಯ ಅಪರಾಧಿಯಾಗುವುದಿಲ್ಲ.

ತಜಸ್ಸುಸ್ ಮತ್ತು ತಬಯ್ಯುನ್

ಉರ್ದುವಿನ 'ಜಾಸೂಸ್' ಮತ್ತು ಅರಬಿಯ 'ತಜಸ್ಸುಸ್' ಒಂದೇ ಬೇರಿನ ಪದಗಳು. ಪವಿತ್ರ ಕುರ್‌ಆನಿನ ಅಲ್ ಹುಜುರಾತ್ ಅಧ್ಯಾಯದ ಹನ್ನೆರಡನೆಯ ಸೂಕ್ತ ತಜಸ್ಸುಸನ್ನು, ಅಂದರೆ ಪರರ ಗುಟ್ಟನ್ನು ಹುಡುಕಿ ಹೋಗುವುದನ್ನು ನಿಷೇಧಿಸುತ್ತದೆ. ಅಲ್ಲಿನ ಅನುಕ್ರಮವನ್ನು ನೋಡಬೇಕು. ಮೊದಲು ಸಂಶಯ, ನಂತರ ಗೂಢಚರ್ಯೆ, ಕೊನೆಗೆ ಪರದೂಷಣೆ. ಮನಸ್ಸಿನಲ್ಲಿ ಹುಟ್ಟಿದ್ದು ಕಣ್ಣಿಗಿಳಿಯುತ್ತದೆ, ಕಣ್ಣಿನದ್ದು ನಾಲಗೆಗೆ ಬರುತ್ತದೆ. ಇಂದಿನ ನಾಲಗೆ ನಮ್ಮ ಮೊಬೈಲ್‌ನ ವಾಟ್ಸ್‌ಆ್ಯಪ್.

ಅದೇ ಅಧ್ಯಾಯದ ಆರನೆಯ ಸೂಕ್ತ ಇನ್ನೊಂದು ಮಾತು ಹೇಳುತ್ತದೆ. ವಿಶ್ವಾಸಾರ್ಹನಲ್ಲದವನು ಸುದ್ದಿ ತಂದರೆ ಪರಿಶೀಲಿಸಿರಿ, ಅರಿಯದೆ ಒಂದು ಜನರಿಗೆ ಹಾನಿ ಮಾಡಿ ಆಮೇಲೆ ಪರಿತಪಿಸುವಂತಾಗಬಾರದು ಎಂಬುದು ಅದರ ಆಶಯ. ಇದು ತಬಯ್ಯುನ್. ಗೂಢಚರ್ಯೆಯನ್ನು ನಿಷೇಧಿಸಿದ ಅಧ್ಯಾಯವೇ ಪರಿಶೀಲನೆಯನ್ನು ಆದೇಶಿಸುತ್ತದೆ. ಆದ್ದರಿಂದ ಸಂಶಯ ಬಂದಾಗ ಕಣ್ಣು ಮುಚ್ಚಿ ಕುಳಿತಿರಿ ಎಂದು ಧರ್ಮ ಹೇಳುತ್ತದೆ ಎಂದು ಯಾರೂ ಭಾವಿಸಬೇಕಿಲ್ಲ.

ಖಲೀಫ ಉಮರ್(ರ) ಅವರ ಕುರಿತ ಒಂದು ವೃತ್ತಾಂತ ಪ್ರಸಿದ್ಧವಾಗಿದೆ. ರಾತ್ರಿ ಗಸ್ತಿನಲ್ಲಿ ಒಂದು ಮನೆಯ ಸದ್ದು ಕೇಳಿ ಗೋಡೆ ಹತ್ತಿ ಒಳಗಿಳಿದು ಮನೆಯವನ ಪಾಪವನ್ನು ಹಿಡಿದಾಗ ಅವನು ತಿರುಗಿ ಕೇಳಿದನಂತೆ: ನನ್ನದು ಒಂದು ತಪ್ಪು, ನಿಮ್ಮದು ಮೂರು. ಗೂಢಚರ್ಯೆ ಮಾಡಿದಿರಿ, ಬಾಗಿಲು ಬಿಟ್ಟು ಬಂದಿರಿ, ಅನುಮತಿ ಕೇಳಲಿಲ್ಲ. ಖಲೀಫರು ಅದನ್ನು ಒಪ್ಪಿಕೊಂಡು ಹಿಂತಿರುಗಿದರು. ಇಮಾಮ್ ಗಝ್ಝಾಲಿ ಒಳಿತನ್ನು ಆದೇಶಿಸುವ, ಕೆಡುಕನ್ನು ತಡೆಯುವ ಬಗ್ಗೆ ಬರೆಯುವಾಗ ಈ ವೃತ್ತಾಂತವನ್ನು ಆಧಾರವಾಗಿ ತೆಗೆದುಕೊಳ್ಳುತ್ತಾರೆ.

ಆದರೆ ಆ ಮನೆಯವನ ಪಾಪ ಅವನದ್ದೇ. ಅದರಿಂದ ಪೆಟ್ಟು ತಿನ್ನುವ ಮಗು ಅಲ್ಲಿರಲಿಲ್ಲ. ಹನ್ನೊಂದನೆಯ ಶತಮಾನದ ನ್ಯಾಯಶಾಸ್ತ್ರಜ್ಞ ಮಾವರ್ದಿ ಈ ಭೇದವನ್ನು ಗುರುತಿಸಿದ್ದರು. ಕೊಲೆಯಂಥ, ಮತ್ತೆ ಸರಿಪಡಿಸಲಾಗದ ಹಾನಿ ನಡೆಯಲಿದೆ ಎಂದು ನಂಬಲರ್ಹ ವ್ಯಕ್ತಿಯಿಂದ ತಿಳಿದರೆ ಬಾಗಿಲು ತೆರೆಸಿ ಒಳಹೋಗಬಹುದು, ತಡಮಾಡಬಾರದು ಎಂಬುದು ಅವರ ಅಭಿಪ್ರಾಯ. ಮಗುವಿನ ಮೇಲಿನ ಹಿಂಸೆ ಇದೇ ಬಗೆಯದು. ಇಲ್ಲಿ ಮುಖ್ಯ ಮಾತು 'ತಡಮಾಡಬಾರದು' ಎಂಬುದು.

ಎರೆಯಾಗುವ ಮಗು

ಈಗ ಪತ್ತೇದಾರನ ಕೆಲಸವನ್ನು ಈ ಅಳತೆಗೋಲಿನಿಂದ ಅಳೆಯೋಣ. ಅವನಿಗೆ ಸಾಕ್ಷಿ ಬೇಕು. ನಿನ್ನೆ ನಡೆದ ಹೊಡೆತ ಇಂದು ಅಡಗಿಸಿಟ್ಟ ಕ್ಯಾಮೆರಾದಲ್ಲಿ ಸಿಗುವುದಿಲ್ಲ. ನಾಳೆಯ ಹೊಡೆತ ಮಾತ್ರ ಸಿಗುತ್ತದೆ. ಅಂದರೆ ಆಯಾಳನ್ನು ಹಿಡಿಯಬೇಕಾದರೆ ಮಗು ಇನ್ನೊಮ್ಮೆ ಪೆಟ್ಟು ತಿನ್ನಬೇಕು. ಅದಕ್ಕಾಗಿ ತಾಯಿ ನಾಳೆ ಬೆಳಗ್ಗೆಯೂ, ನಾಡಿದ್ದೂ ಏನೂ ತಿಳಿಯದವಳಂತೆ ಮಗುವನ್ನು ಅದೇ ಕೋಣೆಯಲ್ಲಿ ಬಿಟ್ಟು ಬರಬೇಕು. ಗಾಳಕ್ಕೆ ಸಿಕ್ಕಿಸುವ ಎರೆ ಇಲ್ಲಿ ನಮ್ಮದೇ ಕೂಸು.

ಸಂಶಯ ಬಲವಾಗಿದ್ದರೆ ಮಗುವನ್ನು ಒಂದು ದಿನವೂ ಅಲ್ಲಿ ಬಿಡಲಾಗದು. ಸಂಶಯ ದುರ್ಬಲವಾಗಿದ್ದರೆ ಒಬ್ಬ ನಿರಪರಾಧಿ ಹೆಂಗಸಿನ ಹಿಂದೆ ಜಾಸೂಸನನ್ನು ಬಿಡಲು ನಮಗೆ ಹಕ್ಕಿಲ್ಲ. ಎರಡು ಸಂದರ್ಭಗಳಲ್ಲೂ ಗುಪ್ತ ಪತ್ತೇದಾರಿಕೆಗೆ ಜಾಗವಿಲ್ಲವೆಂದೇ ನಮಗನ್ನಿಸುತ್ತದೆ. ಮಗುವನ್ನು ಮನೆಗೆ ಕರೆತರಲು ಯಾವ ಸಾಕ್ಷಿಯೂ ಬೇಡ. ಒಬ್ಬಳ ಹೆಸರು ಕೆಡಿಸಲು ಮಾತ್ರ ಸಾಕ್ಷಿ ಬೇಕು.

ಪತ್ತೇದಾರ ಯಾರಿಗೆ ಉತ್ತರದಾಯಿ ಎಂಬುದನ್ನೂ ಕೇಳಬೇಕು. ಖಾಸಗಿ ಪತ್ತೇದಾರಿ ಸಂಸ್ಥೆಗಳನ್ನು ನಿಯಂತ್ರಿಸುವ ಮಸೂದೆಯೊಂದು 2007ರಲ್ಲಿ ರಾಜ್ಯಸಭೆಯಲ್ಲಿ ಮಂಡನೆಯಾಯಿತು, ಆದರೆ ಕಾನೂನಾಗಲಿಲ್ಲ. ಕಾವಲುಗಾರರನ್ನು ಒದಗಿಸುವ ಸಂಸ್ಥೆಗಳಿಗೆ 2005ರ ಕಾಯ್ದೆಯಿದೆ, ಪತ್ತೇದಾರರಿಗೆ ಅಂಥದ್ದಿಲ್ಲ. ನಮ್ಮದೇ ರಾಜ್ಯದ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರ ಅರ್ಜಿಯ ಮೇಲೆ 2017ರಲ್ಲಿ ಸುಪ್ರೀಂ ಕೋರ್ಟು ಖಾಸಗಿತನವನ್ನು ಮೂಲಭೂತ ಹಕ್ಕೆಂದು ಸಾರಿತು. ಆ ಹಕ್ಕು ಆಯಾಳಿಗೂ ಇದೆ.

ಹಾಗಾದರೆ ಹೆತ್ತವರು ಮಾಡಬೇಕಾದದ್ದೇನು? ಮೊದಲು ಮಗುವನ್ನು ಅಲ್ಲಿಂದ ಬಿಡಿಸಿ, ವೈದ್ಯರಿಗೆ ತೋರಿಸಿ, ಗಾಯವನ್ನು ಬರಹದಲ್ಲಿ ದಾಖಲಿಸಬೇಕು. ಇತರ ಹೆತ್ತವರನ್ನು ಕೇಳಬೇಕು. ಸಂಸ್ಥೆಯ ಕ್ಯಾಮೆರಾ ಇದ್ದರೆ ದೃಶ್ಯ ಅಳಿಯುವ ಮುನ್ನ ಉಳಿಸಿಡುವಂತೆ ಲಿಖಿತವಾಗಿ ಕೇಳಬೇಕು. 1098ಕ್ಕೆ ಕರೆ ಮಾಡಬೇಕು, ಮಕ್ಕಳ ಕಲ್ಯಾಣ ಸಮಿತಿ ಮತ್ತು ಪೊಲೀಸರ ಬಳಿ ಹೋಗಬೇಕು. ಲೈಂಗಿಕ ದೌರ್ಜನ್ಯದ ಸಂಶಯವಿದ್ದರೆ 2012ರ ಪೋಕ್ಸೊ ಕಾಯ್ದೆಯಂತೆ ವರದಿ ಮಾಡುವುದು ಪ್ರತಿಯೊಬ್ಬನ ಕರ್ತವ್ಯ. ಸಂಸ್ಥೆಯ ಮುಖ್ಯಸ್ಥ ಮುಚ್ಚಿಟ್ಟರೆ ಅವನಿಗೂ ಶಿಕ್ಷೆಯಿದೆ. ಪಾಲನೆಗೆ ಒಪ್ಪಿಸಿದ ಮಗುವಿನ ಮೇಲೆ ಸಂಸ್ಥೆಯ ನೌಕರರು ಕ್ರೌರ್ಯ ತೋರಿದರೆ 2015ರ ಬಾಲನ್ಯಾಯ ಕಾಯ್ದೆ ಐದು ವರ್ಷದವರೆಗಿನ ಸೆರೆವಾಸವನ್ನು ವಿಧಿಸುತ್ತದೆ. ಬದ್ಲಾಪುರದಂತೆ ಠಾಣೆಯಲ್ಲಿ ಕಾಯಿಸಿದರೆ? ಆಗ ಒಂಟಿಯಾಗಿ ಹೋಗದೆ ಹತ್ತು ಮಂದಿ ಹೋಗಬೇಕು. ಜಮಾಅತ್, ಮಹಿಳಾ ಸಂಘ, ಪಂಚಾಯತಿ ಸದಸ್ಯರು ಇರುವುದು ಇಂಥ ದಿನಗಳಿಗಾಗಿಯೇ.

ಕ್ಯಾಮೆರಾ ಕಾಣದ್ದು

ಕ್ಯಾಮೆರಾ ಹೊಡೆಯುವ ಕೈಯನ್ನು ತೋರಿಸುತ್ತದೆ. ಆ ಕೈಗೆ ಎಷ್ಟು ಸಂಬಳ, ಎಷ್ಟು ಮಕ್ಕಳು ಎಂಬ ಲೆಕ್ಕದ ಪುಸ್ತಕವನ್ನು ತೋರಿಸುವುದಿಲ್ಲ. 2023ರಲ್ಲಿ ಬೆಂಗಳೂರಿನ ಚಿಕ್ಕಲಸಂದ್ರದ ಶಿಶುವಿಹಾರವೊಂದರ ದೃಶ್ಯದಲ್ಲಿ ಒಂದು ಮಗು ಇನ್ನೊಂದು ಪುಟ್ಟ ಮಗುವನ್ನು ಹೊಡೆಯುತ್ತಲೇ ಇತ್ತು, ಕೋಣೆಯಲ್ಲಿ ದೊಡ್ಡವರು ಯಾರೂ ಇರಲಿಲ್ಲ. ಅಲ್ಲಿ ಯಾವ ಆಯಾಳನ್ನು ಹಿಡಿಯುವುದು? ಮೂರು ವರ್ಷದೊಳಗಿನ ಹತ್ತು ಮಕ್ಕಳಿಗೆ ಒಬ್ಬಳಾದರೂ ಪಾಲಕಿ ಬೇಕೆಂದು ಕೇಂದ್ರ ಸರಕಾರದ 2018ರ ಮಾರ್ಗಸೂಚಿ ಹೇಳುತ್ತದೆ. ಇಪ್ಪತ್ತು ಮಕ್ಕಳನ್ನು ಒಬ್ಬಳ ಮೈಮೇಲೆ ಹೇರಿದ ಯಜಮಾನ ಯಾವ ಗುಪ್ತ ಕ್ಯಾಮೆರಾದಲ್ಲೂ ಕಾಣಿಸುವುದಿಲ್ಲ. ಹೊಡೆದವಳ ತಪ್ಪು ಇದರಿಂದ ಕಡಿಮೆಯಾಗದು. ಆದರೆ ತಪ್ಪಿನ ಪಾಲುದಾರರ ಪಟ್ಟಿ ಉದ್ದವಾಗುತ್ತದೆ.

ಬೇರೆ ದಾರಿಯೂ ಇದೆ. 2010ರಲ್ಲಿ ನೆದರ್ಲೆಂಡ್ಸಿನ ಆಮ್‌ಸ್ಟರ್‌ಡಾಮಿನಲ್ಲಿ ಡೇ ಕೇರ್ ನೌಕರನೊಬ್ಬ ಹಲವಾರು ಹಸುಳೆಗಳ ಮೇಲೆ ನಡೆಸಿದ್ದ ದೌರ್ಜನ್ಯ ಬಯಲಾಯಿತು. ಆ ದೇಶ ವಿಚಾರಣಾ ಆಯೋಗ ನೇಮಿಸಿ, 2013ರಿಂದ 'ನಾಲ್ಕು ಕಣ್ಣು'ಗಳ ನಿಯಮ ತಂದಿತು. ಮಕ್ಕಳ ಬಳಿಯಿರುವ ನೌಕರನನ್ನು ಇನ್ನೊಬ್ಬ ಹಿರಿಯರು ಯಾವಾಗಲೂ ಕಾಣಬಲ್ಲಂತಿರಬೇಕು, ಅಥವಾ ಅವನ ಮಾತು ಕೇಳಿಸುವಂತಿರಬೇಕು. ಇದು ಎಲ್ಲರಿಗೂ ತಿಳಿದ, ಎಲ್ಲರಿಗೂ ಅನ್ವಯಿಸುವ ಕಣ್ಣು. ಪ್ರಾಮಾಣಿಕ ಆಯಾಳಿಗೆ ಸುಳ್ಳು ಆರೋಪದಿಂದ ರಕ್ಷಣೆಯೂ ಅದರಲ್ಲೇ ಇದೆ. ನಮ್ಮ ಕಾನೂನಿನಲ್ಲೂ ಇಂಥದ್ದೊಂದು ಮಾತಿದೆ. ಐವತ್ತಕ್ಕಿಂತ ಕಡಿಮೆಯಿಲ್ಲದ ನೌಕರರಿರುವ ಸಂಸ್ಥೆ ಶಿಶುಪಾಲನಾ ಕೇಂದ್ರ ನಡೆಸಬೇಕು, ತಾಯಿಗೆ ದಿನಕ್ಕೆ ನಾಲ್ಕು ಸಲ ಮಗುವನ್ನು ನೋಡಿ ಬರಲು ಬಿಡಬೇಕು ಎಂದು 2017ರ ಹೆರಿಗೆ ಸೌಲಭ್ಯ ತಿದ್ದುಪಡಿ ಹೇಳಿತು. 2020ರ ಸಾಮಾಜಿಕ ಭದ್ರತಾ ಸಂಹಿತೆಯೂ ಅದನ್ನು ಉಳಿಸಿಕೊಂಡಿದೆ.

ನಮ್ಮ ಮದ್ರಸ, ಹಾಸ್ಟೆಲ್, ಯತೀಮ್ ಖಾನೆಗಳನ್ನು ಈ ಮಾತಿನಿಂದ ಹೊರಗಿಡಲು ಸಾಧ್ಯವಿಲ್ಲ. ದೂರು ಬಂದಾಗ 'ಸಂಸ್ಥೆಯ ಮರ್ಯಾದೆ' ಎಂದು ಬಾಯಿ ಮುಚ್ಚಿಸುವವರು ಎಲ್ಲ ಸಮುದಾಯಗಳಲ್ಲೂ ಇದ್ದಾರೆ, ನಮ್ಮಲ್ಲೂ ಇದ್ದಾರೆ. ಇನ್ನೊಬ್ಬರ ದೋಷವನ್ನು ಮರೆಮಾಚುವುದು ಪುಣ್ಯವೆಂಬ ಬೋಧನೆ ಮನುಷ್ಯ ಮತ್ತು ಅಲ್ಲಾಹನ ನಡುವಿನ ಪಾಪಗಳಿಗೆ ಸಂಬಂಧಿಸಿದ್ದು. ಮಗುವಿನ ಮೇಲೆ ಕೈಮಾಡಿದವನಿಗೆ ಆ ಹೊದಿಕೆ ಸಲ್ಲುವುದಿಲ್ಲ. ಇತ್ತ ನಮ್ಮ ಜಿಲ್ಲೆಯಲ್ಲಿ ಯುವಕ ಯುವತಿಯರು ಜೊತೆಯಾಗಿ ಬಸ್ಸಿನಲ್ಲಿ ಕುಳಿತರೂ ಹಿಂಬಾಲಿಸಿ ಪತ್ತೆ ಹಚ್ಚುವ ಗುಂಪುಗಳಿಗೆ ಕೊರತೆಯಿಲ್ಲ. ಅಂಥವರು ಎರಡೂ ಕಡೆ ಇದ್ದಾರೆ. ಯಾರಿಗೂ ಹಾನಿಯಿಲ್ಲದಲ್ಲಿ ನಾವು ಜಾಸೂಸರಾಗುತ್ತೇವೆ, ಹಾನಿಯಿರುವಲ್ಲಿ ಕುರುಡರಾಗುತ್ತೇವೆ. ಕುರ್‌ಆನ್ ಹೇಳಿದ್ದು ಇದಕ್ಕೆ ತಿರುಗುಮುರುಗಾದುದನ್ನು.

ಮಗು ಅಮಾನತ್. ಅದನ್ನು ಎತ್ತಿಕೊಳ್ಳುವ ಕೂಲಿ ಹೆಂಗಸಿನ ಮಾನವೂ ಅಮಾನತೇ. ಒಂದನ್ನು ಉಳಿಸಲು ಇನ್ನೊಂದನ್ನು ಕಳೆಯಬೇಕಾದ ಅನಿವಾರ್ಯ ಬರುವುದು ನಾವು ಮೊದಲೇ ಮಾಡಬೇಕಾದುದನ್ನು ಮಾಡದಿದ್ದಾಗ. ಮಗುವನ್ನು ಸೇರಿಸುವ ಮುನ್ನ ಆ ಕೋಣೆಯನ್ನು ನೋಡೋಣ, ಎಷ್ಟು ಮಕ್ಕಳಿಗೆ ಎಷ್ಟು ಜನರೆಂದು ಕೇಳೋಣ, ಹೇಳದೆ ಕೇಳದೆ ಹೋದರೂ ಬಾಗಿಲು ತೆರೆಯುವರೇ ಎಂದು ಪರೀಕ್ಷಿಸೋಣ, ಆಯಾಳ ಹೆಸರನ್ನು ತಿಳಿದುಕೊಂಡು ಅವಳ ಜೊತೆ ನಾಲ್ಕು ಮಾತಾಡೋಣ. ಇಷ್ಟು ಮಾಡಿದವರಿಗೆ ಪತ್ತೇದಾರನ ಅಗತ್ಯ ಬೀಳುವುದು ವಿರಳ.