ಕಾಯಕವನ್ನು ಕೇಳುವ ಸಮಾಜದ ಋಣ

ಮದುವೆಯ ಮನೆಯಲ್ಲಿ ಊಟದ ಪಂಕ್ತಿಗೆ ಕಾದು ಕುಳಿತಾಗ ಹಿರಿಯರು ಕಿರಿಯರನ್ನು ವಾಡಿಕೆಯಾಗಿ ಕೇಳುವ ಪ್ರಶ್ನೆಯೊಂದುಂಟು: “ಏನಪ್ಪಾ, ಈಗ ಏನು ಮಾಡ್ತಾ ಇದ್ದೀಯ?” ಕೇಳುವವರಿಗೆ ಅದು ಕುಶಲಪ್ರಶ್ನೆ; ಕೆಲಸವಿಲ್ಲದ ತರುಣನಿಗೆ ಅದು ವಿಚಾರಣೆ. ಬೇರಿಕೆಯಲ್ಲಿ ನಾನೂ ಈ ಪ್ರಶ್ನೆಯನ್ನು ಎಷ್ಟೋ ಸಲ ಕೇಳಿದ್ದೇನೆ. ಒಮ್ಮೆ, ಡಿಪ್ಲೊಮಾ ಮುಗಿಸಿ ಎರಡು ವರ್ಷವಾಗಿದ್ದ ಹುಡುಗನೊಬ್ಬ “ಹುಡುಕ್ತಾ ಇದ್ದೀನಿ ಸಾರ್” ಎಂದಷ್ಟೇ ಹೇಳಿ, ಬಡಿಸುವವರಿಗೆ ನೆರವಾಗುವ ನೆಪದಲ್ಲಿ ಎದ್ದುಹೋದ. ಊಟ ಮುಗಿಯುವವರೆಗೂ ಅವನು ನನ್ನ ಸಾಲಿನ ಕಡೆಗೆ ಬರಲಿಲ್ಲ. ಅವನಲ್ಲಿ ಏನು ಕೊರತೆ ಎಂದು ಅಂದು ಯೋಚಿಸಿದೆ. ನನ್ನಲ್ಲಿ ಏನು ಕೊರತೆ ಎಂಬ ಯೋಚನೆ ಬಹಳ ತಡವಾಗಿ ಬಂದಿತು. ಈ ಲೇಖನ ಆ ಎರಡನೆಯ ಯೋಚನೆಯ ಫಲ.

ಕನ್ನಡಿಗರಾದ ನಮಗೆ ದುಡಿಮೆಯೆಂಬುದು ಬರಿಯ ಹೊಟ್ಟೆಪಾಡಲ್ಲ. ಹನ್ನೆರಡನೆಯ ಶತಮಾನದ ಶರಣರು ಅದನ್ನು ಕಾಯಕವೆಂದು ಕರೆದು ಪೂಜೆಯ ಎತ್ತರಕ್ಕೆ ಏರಿಸಿದರು. ಆಯ್ದಕ್ಕಿ ಮಾರಯ್ಯ ಮತ್ತು ಲಕ್ಕಮ್ಮ ದಂಪತಿಗಳ ಕಥೆಯನ್ನು ಕೇಳದವರು ನಮ್ಮಲ್ಲಿ ವಿರಳ. ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಮಾರಯ್ಯನ ಕಾಯಕ. ಗೋಷ್ಠಿಯಲ್ಲಿ ಅವನು ಮೈಮರೆತಾಗ ಕಾಯಕದ ಹೊತ್ತು ಮೀರಿತೆಂದು ಎಚ್ಚರಿಸಿದವಳು ಲಕ್ಕಮ್ಮ. ಅಗತ್ಯಕ್ಕಿಂತ ಹೆಚ್ಚು ತಂದಾಗ ಅದನ್ನು ಅಲ್ಲಿಯೇ ಸುರಿದು ಬರುವಂತೆ ಹೇಳಿದವಳೂ ಅವಳೇ. ದುಡಿಯದೆ ಉಣ್ಣಬಾರದು, ದುಡಿದದ್ದನ್ನು ಕೂಡಿಡಬಾರದು ಎಂಬ ಎರಡು ನೀತಿಗಳನ್ನು ನಾವು ಈ ಕಥೆಯಿಂದ ಕಲಿತಿದ್ದೇವೆ. ಆದರೆ ಅದರೊಳಗಿನ ಇನ್ನೊಂದು ಸಂಗತಿ ನಮ್ಮ ಗಮನದಿಂದ ತಪ್ಪಿದೆ. ಮಾರಯ್ಯ ಹೋದಾಗ ಅಂಗಳದ ಬಾಗಿಲು ತೆರೆದಿತ್ತು. ಆಯಲು ಅಕ್ಕಿಯೂ ಇತ್ತು. ಬಾಗಿಲು ಮುಚ್ಚಿದ್ದರೆ? ಬರಿಗೈಯಲ್ಲಿ ಮರಳಿದ ಮಾರಯ್ಯನನ್ನು ಕಾಯಕಭ್ರಷ್ಟನೆಂದು ಹಳಿಯಬಹುದಾಗಿತ್ತೆ?

ಬಾಗಿಲು ಮುಚ್ಚಿದಾಗ ಮನುಷ್ಯನಿಗೆ ಏನಾಗುತ್ತದೆ ಎಂಬುದನ್ನು ತಿಳಿಯಲು ಆಸ್ಟ್ರಿಯಾದಂತಹ ಪುಟ್ಟ ದೇಶದ ಒಂದು ಹಳ್ಳಿಯ ಅನುಭವ ನೆರವಾಗುತ್ತದೆ. ವಿಯೆನ್ನಾ ನಗರಕ್ಕೆ ಸಮೀಪದ ಮಾರಿಯೆಂತಾಲ್ ಒಂದೇ ಒಂದು ಬಟ್ಟೆ ಗಿರಣಿಯನ್ನು ನಂಬಿ ಬಾಳುತ್ತಿದ್ದ ಊರು. ಜಾಗತಿಕ ಆರ್ಥಿಕ ಕುಸಿತದ ಹೊತ್ತಿನಲ್ಲಿ, 1930ರ ವೇಳೆಗೆ, ಆ ಗಿರಣಿ ಪೂರ್ತಿ ಮುಚ್ಚಿತು. ಮಾರಿ ಯಹೋಡಾ, ಪಾಲ್ ಲಾಜಾರ್ಸ್‌ಫೆಲ್ಡ್ ಮತ್ತು ಹಾನ್ಸ್ ಝೈಸಲ್ ಎಂಬ ವಿದ್ವಾಂಸರು ತಮ್ಮ ಸಂಗಡಿಗರೊಂದಿಗೆ ಅಲ್ಲಿನ 478 ಕುಟುಂಬಗಳ ಬದುಕನ್ನು ಅಭ್ಯಸಿಸಿ 1933ರಲ್ಲಿ ಗ್ರಂಥವೊಂದನ್ನು ಪ್ರಕಟಿಸಿದರು. ಬಿಡುವು ಹೆಚ್ಚಿದರೆ ಓದು ಹೆಚ್ಚಬೇಕಲ್ಲವೆ? ಅಲ್ಲಿ ಗ್ರಂಥಾಲಯದಿಂದ ಪುಸ್ತಕ ಒಯ್ಯುವವರು ಕಡಿಮೆಯಾದರು. ಗಂಡಸರ ನಡಿಗೆ ನಿಧಾನವಾಯಿತು. ಬೀದಿಯಲ್ಲಿ ಅವರು ಮತ್ತೆ ಮತ್ತೆ ನಿಲ್ಲುತ್ತಿದ್ದರು. ಹಗಲು ಹೇಗೆ ಕಳೆಯಿತೆಂದು ಕೇಳಿದರೆ ಹೇಳಲು ಅವರಿಗೆ ಏನೂ ಇರುತ್ತಿರಲಿಲ್ಲ. ಹೆಂಗಸರಿಗೆ ಮಾತ್ರ ಅಡುಗೆ, ಮಕ್ಕಳು, ಹೊಲಿಗೆಗಳಿಂದಾಗಿ ದಿನ ತುಂಬಿಯೇ ಇತ್ತು.

ನಿರುದ್ಯೋಗ ಕಸಿಯುವುದು ಕೂಲಿಯನ್ನಷ್ಟೇ ಅಲ್ಲವೆಂಬುದು ಇದರಿಂದ ವಿದಿತವಾಗುತ್ತದೆ. ಅದು ದಿನಕ್ಕೆ ಇರುವ ಆಕಾರವನ್ನು, ಜೊತೆಗಾರರನ್ನು, “ನಾನು ಬೇಕಾದವನು” ಎಂಬ ಭಾವವನ್ನು ಕಸಿಯುತ್ತದೆ. ನಾವು ಸೋಮಾರಿತನವೆಂದು ಬೊಟ್ಟುಮಾಡುವ ಲಕ್ಷಣಗಳು ಅನೇಕ ವೇಳೆ ಕೆಲಸ ಇಲ್ಲದಿರುವುದರ ಕಾರಣವಲ್ಲ, ಪರಿಣಾಮ. ಪರಿಣಾಮವನ್ನೇ ಕಾರಣವೆಂದು ಬಗೆದು ನೊಂದವನನ್ನು ಹೊಣೆಗಾರನನ್ನಾಗಿ ಮಾಡುವುದು ಅನ್ಯಾಯ.

ಇನ್ನು ನಮ್ಮ ಸೀಮೆಯ ಮಾತು. 1970ರ ದಶಕದಲ್ಲಿ ಹೊಸೂರಿನಲ್ಲಿ ಸಿಪ್ಕಾಟ್ ಕೈಗಾರಿಕಾ ವಸಾಹತು ತಲೆಯೆತ್ತಿದ ಮೇಲೆ ಲಾರಿ, ದ್ವಿಚಕ್ರ ವಾಹನ, ಕೈಗಡಿಯಾರಗಳ ಕಾರ್ಖಾನೆಗಳು ಬಂದವು. ಸಾವಿರಾರು ಮನೆಗಳಲ್ಲಿ ಒಲೆ ಉರಿಯಿತು. ದೇಶದ ಅಂಕಿಅಂಶಗಳೂ ಸಮಾಧಾನಕರವಾಗಿಯೇ ಕಾಣುತ್ತವೆ. ಕೇಂದ್ರ ಸರಕಾರದ ಶ್ರಮಬಲ ಸಮೀಕ್ಷೆಯಂತೆ 2017–18ರಲ್ಲಿ ಶೇಕಡಾ 6.1 ಇದ್ದ ನಿರುದ್ಯೋಗ 2023–24ಕ್ಕೆ ಶೇಕಡಾ 3.2ಕ್ಕೆ ಇಳಿಯಿತು. ಆದರೆ 15ರಿಂದ 29 ವಯಸ್ಸಿನವರಲ್ಲಿ ಅದು 2023–24ರಲ್ಲಿಯೂ ಶೇಕಡಾ 10.2. ಎಣಿಕೆಯ ಬಗೆಯನ್ನೂ ಅರಿಯಬೇಕು. ವಾರದ ಲೆಕ್ಕದಲ್ಲಿ ಒಂದು ಗಂಟೆ ದುಡಿದವನೂ ಉದ್ಯೋಗಿಯೇ; ಸಂಬಳವಿಲ್ಲದೆ ತಂದೆಯ ಹೊಲದಲ್ಲಿ ಟೊಮೇಟೊ ಬುಟ್ಟಿ ಎತ್ತಿಕೊಟ್ಟವನೂ ಉದ್ಯೋಗಿಯೇ. ಮದುವೆಮನೆಯ ಆ ಹುಡುಗ ಬಹುಶಃ ಸರಕಾರದ ಎಣಿಕೆಯಲ್ಲಿ ಉದ್ಯೋಗಸ್ಥನಾಗಿಯೇ ಸೇರಿದ್ದಾನು. ಇದು ಸಮೀಕ್ಷಕರ ಮೋಸವಲ್ಲ, ಲೋಕವೆಲ್ಲ ಒಪ್ಪಿದ ಲೆಕ್ಕದ ಪದ್ಧತಿ. ಆದರೆ ಮನುಷ್ಯನ ಮಾನವನ್ನು ಅಳೆಯುವ ಕೋಲು ಇದಲ್ಲ.

ಗಡಿಯ ಕನ್ನಡಿಗನಿಗೆ ಇನ್ನೊಂದು ಇಕ್ಕಟ್ಟು. ಇಲ್ಲಿನ ಸರಕಾರಿ ನೇಮಕಾತಿಯಲ್ಲಿ ತಮಿಳು ಪತ್ರಿಕೆಯನ್ನು ದಾಟಬೇಕು; ಮಾಲೂರಿನ ಕಡೆಗೆ ಗಡಿ ದಾಟಿದರೆ ವಾಸದ ದಾಖಲೆ ತೋರಿಸಬೇಕು. ಆಯಾ ರಾಜ್ಯ ತನ್ನ ನೆಲದ ಭಾಷೆಯನ್ನೂ ಜನರನ್ನೂ ನೋಡಿಕೊಳ್ಳುವುದು ಸಹಜವೇ. ಆದರೂ ಎರಡು ಅಂಗಳಗಳ ನಡುವೆ ನಿಂತ ಮಗುವಿಗೆ ಎರಡರ ಬಾಗಿಲೂ ಅರ್ಧವಷ್ಟೇ ತೆರೆದಿರುತ್ತದೆ.

ಇಲ್ಲಿ ಒಂದು ಆಕ್ಷೇಪವನ್ನು ಎದುರಿಸದೆ ಮುಂದೆ ಹೋಗಲಾಗದು. “ಗುಲಾಬಿ ಕೀಳಲು ಆಳು ಸಿಗುವುದಿಲ್ಲ, ಒಡಿಶಾ, ಬಿಹಾರದಿಂದ ಜನ ಬರುತ್ತಿದ್ದಾರೆ, ಎಲ್ಲಿದೆ ಸ್ವಾಮೀ ನಿರುದ್ಯೋಗ?” ಎಂದು ನಮ್ಮ ರೈತರು ಕೇಳುತ್ತಾರೆ. ಪ್ರಶ್ನೆ ನ್ಯಾಯವಾದುದು. ಯಾವ ಕಾಯಕವೂ ಕೀಳಲ್ಲವೆಂಬ ಶರಣರ ಮಾತನ್ನು ತರುಣರು ಮರೆಯಬಾರದು. ಆದರೆ ಒಂದನ್ನು ಯೋಚಿಸೋಣ. “ನನ್ನಂತೆ ಮಣ್ಣು ಹೊರಬೇಡ, ಓದು” ಎಂದು ಹೇಳಿ, ಸಾಲ ಮಾಡಿ ಮಗನನ್ನು ಓದಿಸಿದವರು ನಾವೇ. ಹೊಲದ ದುಡಿಮೆ ಹೀನವೆಂದು ಇಪ್ಪತ್ತು ವರ್ಷ ಕಲಿಸಿ, ಇಪ್ಪತ್ತೊಂದನೆಯ ವರ್ಷ ಅದೇ ದುಡಿಮೆಯನ್ನು ಒಲ್ಲೆನೆಂದುದಕ್ಕೆ ಜರೆದರೆ, ಪಾಠ ಹೇಳಿದವರ ಪಾಲು ಎಷ್ಟು? ದುಡಿಮೆಯ ಗೌರವ ಉಪದೇಶದಿಂದ ಬರುವುದಿಲ್ಲ. ನ್ಯಾಯವಾದ ಕೂಲಿಯಿಂದ, ಸಮನಾಗಿ ಕೂರಿಸಿ ಮಾತನಾಡುವುದರಿಂದ ಬರುತ್ತದೆ. ಕೆಲವು ತಿಂಗಳು ದುಡಿಸಿಕೊಂಡು ಕೈಬಿಡುವ ಗುತ್ತಿಗೆಯ ಕೆಲಸವೂ ಇದೇ ಮಾತಿಗೆ ಒಳಪಡುತ್ತದೆ. ನಾಳೆಯ ಭರವಸೆಯಿಲ್ಲದ ದುಡಿಮೆಯಲ್ಲಿ ನಿಷ್ಠೆಯನ್ನು ಮಾತ್ರ ಬೇಡುವುದು ಏಕಪಕ್ಷೀಯ.

ಕೆಲಸವನ್ನು ಸಮಾಜವೇ ಒದಗಿಸಿದರೆ ಜನ ಜಡರಾಗುವರೆಂಬ ಭಯವೂ ಕೆಲವರಿಗಿದೆ. ಇದಕ್ಕೆ ಉತ್ತರ ಆ ಹಳೆಯ ಊರಿನಿಂದಲೇ ಬಂದಿದೆ. ಮಾರಿಯೆಂತಾಲ್ ಸೇರಿರುವ ಗ್ರಾಮಾಟ್‌ನೊಯ್‌ಸೀಡ್ಲ್ ಎಂಬ ಪುರಸಭೆಯಲ್ಲಿ 2020ರಲ್ಲಿ, ದೀರ್ಘಕಾಲ ಕೆಲಸವಿಲ್ಲದಿದ್ದ ಎಲ್ಲರಿಗೂ ಉದ್ಯೋಗದ ಭರವಸೆ ನೀಡುವ ಪ್ರಯೋಗ ಆರಂಭವಾಯಿತು. ಸೇರಲು ಯಾರಿಗೂ ಬಲವಂತವಿರಲಿಲ್ಲ. ಅಧ್ಯಯನ ಮಾಡಿದ ಆಕ್ಸ್‌ಫರ್ಡ್ ವಿದ್ವಾಂಸರು ಕಂಡದ್ದು ವರಮಾನದ ಹೆಚ್ಚಳವನ್ನಷ್ಟೇ ಅಲ್ಲ. ಮನಸ್ಸಿನ ನೆಮ್ಮದಿ, ನಾಲ್ವರಲ್ಲಿ ಒಬ್ಬನಾಗಿರುವ ಭಾವ ಇವು ಮರಳಿದ್ದವು. ನಮ್ಮ ದೇಶಕ್ಕೂ ಈ ವಿಚಾರ ಹೊಸದಲ್ಲ. ಸಂವಿಧಾನದ 41ನೆಯ ಅನುಚ್ಛೇದ, ರಾಜ್ಯವು ತನ್ನ ಆರ್ಥಿಕ ಶಕ್ತಿಯ ಮಿತಿಯಲ್ಲಿ ಕೆಲಸದ ಹಕ್ಕನ್ನು ಒದಗಿಸಬೇಕೆಂದು ನಿರ್ದೇಶಿಸುತ್ತದೆ. 2005ರ ಕಾಯಿದೆ ಗ್ರಾಮೀಣ ಕುಟುಂಬಕ್ಕೆ ವರ್ಷಕ್ಕೆ 100 ದಿನಗಳ ಉದ್ಯೋಗದ ಭರವಸೆ ಕೊಟ್ಟಿತು. ನಮ್ಮೂರ ಹೆಂಗಸರು “ನೂರು ದಿನದ ಕೆಲಸ” ಎಂದು ಹೇಳುವಾಗ ಅವರ ದನಿಯಲ್ಲಿ ಬೇಡುವವರ ದೈನ್ಯವಿರಲಿಲ್ಲ. ಕೇಳಿ ಪಡೆಯುವವರ ಧೈರ್ಯವಿತ್ತು.

ಆದುದರಿಂದ ನನ್ನ ಬಿನ್ನಹ ಇಷ್ಟೆ. ಕಾಯಕವನ್ನು ಧರ್ಮವೆಂದು ವ್ಯಕ್ತಿಯಿಂದ ಕೇಳುವ ಸಮಾಜ, ಕಾಯಕಕ್ಕೆ ಅವಕಾಶವನ್ನು ಋಣವೆಂದು ಅವನಿಗೆ ಸಲ್ಲಿಸಬೇಕು. ಬಾಗಿಲು ತೆರೆದಿಡದೆ ಒಳಗೆ ಬರಲಿಲ್ಲವೆಂದು ದೂರುವ ಅಧಿಕಾರ ನಮಗಿಲ್ಲ. ಕನ್ನಡ ಸಂಘದಂತಹ ಸಣ್ಣ ಕೂಟಗಳು ಕಾರ್ಖಾನೆ ಕಟ್ಟಲಾರವು ನಿಜ. ಆದರೆ ಬೆಳಗಿನ ಹೊತ್ತು ತೆರೆದಿರುವ ಒಂದು ವಾಚನಾಲಯ, ಅರ್ಜಿ ಬರೆಯಲು ನೆರವಾಗುವ ಒಬ್ಬ ನಿವೃತ್ತ ಮೇಷ್ಟ್ರು, ತಮಿಳು ಪತ್ರಿಕೆಗೆ ತಯಾರು ಮಾಡುವ ಒಂದು ಸಂಜೆಯ ತರಗತಿ, ಇವು ನಮ್ಮ ಶಕ್ತಿಗೆ ಮೀರಿದವಲ್ಲ.

ಆ ಹುಡುಗ ಈಚೆಗೆ ಬಸ್ ನಿಲ್ದಾಣದಲ್ಲಿ ಸಿಕ್ಕಿದ್ದ. ಏನು ಮಾಡುತ್ತಿದ್ದೀಯೆಂದು ನಾನು ಕೇಳಲಿಲ್ಲ. “ನಿನಗೆ ಯಾವ ಕೆಲಸ ಚೆನ್ನಾಗಿ ಬರುತ್ತಪ್ಪಾ?” ಎಂದೆ. ಅವನು ಒಂದು ಗಳಿಗೆ ನನ್ನನ್ನೇ ನೋಡಿ, ಮೋಟಾರು ಸುತ್ತುವುದು ಬರುತ್ತದೆ ಎಂದ. ನಮ್ಮ ಬೀದಿಯಲ್ಲಿ ಕೆಟ್ಟು ನಿಂತ ಪಂಪುಸೆಟ್ಟುಗಳು ಎಷ್ಟಿವೆ ಎಂಬ ಮಾತು ಆಮೇಲೆ ಬಂದಿತು. ಬಾಗಲೂರಿನ ಬಸ್ಸು ಬರುವವರೆಗೂ ಅವನು ನನ್ನ ಪಕ್ಕದಲ್ಲಿಯೇ ನಿಂತಿದ್ದ.