ವ್ಯಾಧಿಕಾಲದ ದಾಂಪತ್ಯ

ಪತಿಪತ್ನಿಯರಿಬ್ಬರೂ ಲಿಂಗವಂತರಾಗಿ, ಕೂಡಿ ಪೂಜಿಸಿ, ಕೂಡಿ ದಾಸೋಹ ನಡೆಸುವುದು ಶಿವಭಕ್ತರ ಮನೆಗಳಲ್ಲಿ ತಲೆತಲಾಂತರದಿಂದ ಬಂದ ಆಚಾರ. ದಂಪತಿಗಳ ಭಕ್ತಿ ಒಂದಾಗದೆ ಅದು ಶಿವನಿಗೆ ಒಪ್ಪಿತವಾಗದೆಂಬುದು ಜೇಡರ ದಾಸಿಮಯ್ಯನ ಅಭಿಪ್ರಾಯ. ದೇಹಸ್ಥಿತಿ ನೆಟ್ಟಗಿರುವಾಗ ಈ ಒಂದುತನ ಸುಲಭಸಾಧ್ಯವೇ ಸರಿ. ಇಬ್ಬರಲ್ಲಿ ಒಬ್ಬರು ಘೋರವ್ಯಾಧಿಗೆ ತುತ್ತಾದರೆ? ಗಟ್ಟಿಯಾಗಿರುವವರು ರೋಗಿಗಾಗಿ ಏನು ಮಾಡತಕ್ಕದ್ದು, ಏನನ್ನು ಮಾಡತಕ್ಕದ್ದಲ್ಲ? ಮೊದಲನೆಯದನ್ನು ಎಲ್ಲರೂ ಕೇಳುತ್ತಾರೆ. ಎರಡನೆಯದನ್ನು ಕೇಳುವವರು ವಿರಳ.

ಮೈಸೂರಿನ ಮಂಡಿ ಮೊಹಲ್ಲಾದ ಒಂದು ಮನೆಯನ್ನು ಭಾವಿಸಿಕೊಳ್ಳಬಹುದು. ಯಜಮಾನರು ಅರವತ್ತು ದಾಟಿದವರು, ಧಾನ್ಯದ ವ್ಯಾಪಾರ ಮಾಡಿದವರು. ಒಂದು ದಿನ ಸ್ನಾನಮಾಡುವಾಗ ಎಡ ಎದೆಯ ಮೊಲೆತೊಟ್ಟಿನ ಹಿಂದೆ ಗೋಲಿಯಷ್ಟು ಗಂಟು ಕೈಗೆ ತಾಗುತ್ತದೆ. ನೋವಿಲ್ಲ. ಅಲ್ಲಿಯೇ ಸದಾ ಕರಡಿಗೆ ತಗಲುತ್ತಿರುವುದರಿಂದ ಚರ್ಮ ಗಡುಸಾಗಿರಬಹುದೆಂದು ಸಮಾಧಾನ ತಂದುಕೊಂಡು, ಯಾರಿಗೂ ಹೇಳದೆ ಕೆಲವು ತಿಂಗಳು ಕಳೆಯುತ್ತಾರೆ. ತೊಟ್ಟು ಒಳಕ್ಕೆ ಸೆಳೆದುಕೊಂಡಿರುವುದನ್ನು ಪತ್ನಿ ನೋಡಿ ಕೇಳಿದಾಗ, "ಏನೂ ಇಲ್ಲ, ಸುಮ್ಮನಿರು" ಎಂಬ ಉತ್ತರ ಬರುತ್ತದೆ.

ಗಂಡಸರಿಗೂ ಸ್ತನದ ಅರ್ಬುದ, ಎಂದರೆ ಕ್ಯಾನ್ಸರ್, ಬರುತ್ತದೆಂಬುದು ಅನೇಕರಿಗೆ ತಿಳಿಯದು. ಇಂಥ ರೋಗಿಗಳು ನೂರು ಮಂದಿಯಿದ್ದರೆ ಅವರಲ್ಲಿ ಗಂಡಸು ಹೆಚ್ಚುಕಡಮೆ ಒಬ್ಬ. ವಿರಳವಾದ್ದರಿಂದಲೇ ಸಂಶಯ ಹುಟ್ಟುವುದಿಲ್ಲ. ಸಂಶಯ ಹುಟ್ಟಿದರೂ ನಾಚಿಕೆ ಬಾಯಿ ಕಟ್ಟುತ್ತದೆ. ಹೆಂಗಸರ ರೋಗ ತನಗೆ ಬಂದಿತೆಂದು ಹೇಳಿಕೊಳ್ಳುವುದು ಹೇಗೆ? ಇರ್ವಿನ್ ರಸ್ತೆಯ ಕೃಷ್ಣರಾಜೇಂದ್ರ ಆಸ್ಪತ್ರೆ ನಡೆದು ಹೋಗುವಷ್ಟು ಹತ್ತಿರವಿದ್ದರೂ, ನಾಚಿಕೊಂಡವನ ಪಾಲಿಗೆ ಅದು ನೂರು ಗಾವುದ ದೂರ.

ಈ ನಾಚಿಕೆಗೆ ದಾಸಿಮಯ್ಯನಲ್ಲಿಯೇ ಮದ್ದಿದೆ. ದೇಹದ ಹೊರಗುರುತುಗಳನ್ನು ನೋಡಿ ಹೆಣ್ಣು ಗಂಡೆಂದು ಹೆಸರಿಡುವ ಲೋಕಕ್ಕೆ, ಒಳಗಿರುವ ಆತ್ಮನಿಗೆ ಆ ಎರಡು ಹೆಸರುಗಳೂ ಸಲ್ಲವೆಂದು ತೋರಿಸಿಕೊಟ್ಟವನು ಅವನು. ಆ ಮಾತನ್ನು ಸಭೆಗಳಲ್ಲಿ ಕೇಳಿ ತಲೆದೂಗಿದವರೇ ತಮ್ಮ ಎದೆಯ ಗಂಟನ್ನು ಅಂಗಿಯೊಳಗೆ ಮುಚ್ಚಿಡುವುದಾದರೆ, ಕೇಳಿದ್ದರಿಂದ ಬಂದ ಫಲವೇನು?

ಇಲ್ಲಿ ಪತ್ನಿ ಸುಮ್ಮನಿರತಕ್ಕದ್ದಲ್ಲ. ಪತಿಯ ಮಾತಿಗೆ ಎದುರಾಡದಿರುವುದೇ ಸತೀಧರ್ಮವೆಂದು ತಿಳಿದವರು ಆಯ್ದಕ್ಕಿ ಲಕ್ಕಮ್ಮನನ್ನು ನೆನೆಯಬೇಕು. ಕಲ್ಯಾಣದಲ್ಲಿ ಬಸವಣ್ಣನ ಮಹಾಮನೆಯಂಗಳದ ಅಕ್ಕಿಯನ್ನು ಆಯ್ದು ತರುತ್ತಿದ್ದ ಮಾರಯ್ಯ ಒಂದು ದಿನ ಅಗತ್ಯಕ್ಕಿಂತ ಹೆಚ್ಚು ತಂದಾಗ, ಆ ಹೆಚ್ಚಳವನ್ನು ಅಲ್ಲಿಯೇ ಸುರಿದು ಬರುವಂತೆ ಅವನನ್ನು ಹಿಂದಕ್ಕೆ ಕಳುಹಿಸಿದಳು ಆ ಮಹಾತಾಯಿ. ಪತಿಗೆ ಹಿತವಾದದ್ದು ಅಪ್ರಿಯವಾಗಿದ್ದರೂ ಅವಳು ಅದನ್ನು ನುಡಿದಳು. "ಏನೂಂದ್ರೆ, ಇದನ್ನು ಈ ದಿನವೇ ಡಾಕ್ಟರಿಗೆ ತೋರಿಸಬೇಕು, ನಡೆಯಿರಿ" ಎಂದು ಹಟಹಿಡಿಯುವ ಗೃಹಿಣಿಯೂ ಲಕ್ಕಮ್ಮನ ದಾರಿಯವಳೇ.

ಪರೀಕ್ಷೆಯಾಗಿ ರೋಗ ನಿಶ್ಚಯವಾದ ಮೇಲೆ ಇನ್ನೊಂದು ಬಗೆಯ ಮರೆಮಾಚುವಿಕೆ ಮೊದಲಾಗುತ್ತದೆ. "ಅಪ್ಪಾಜಿಗೆ ಹೇಳುವುದು ಬೇಡ, ಎದೆಗೆಡುತ್ತಾರೆ" ಎನ್ನುತ್ತಾರೆ ಮಕ್ಕಳು. ಇದು ಪ್ರೀತಿಯಿಂದ ಹುಟ್ಟಿದ ಮಾತಾದರೂ ಅನ್ಯಾಯವೇ. ದೇಹ ಅವರದು, ಅದಕ್ಕೆ ಕತ್ತಿ ತಾಗುವುದನ್ನು ಒಪ್ಪತಕ್ಕವರೂ ಅವರೇ. ನಿಜವನ್ನು ಹೇಳಿ, ಹೇಳಿದ ಮೇಲೆ ಬಳಿಯಲ್ಲಿಯೇ ಕುಳಿತಿರುವುದು ಪತ್ನಿಯ ಭಾಗಕ್ಕೆ ಬರುವ ಕೆಲಸ. ಹೇಳಿ ಎದ್ದುಹೋಗುವುದು ಹೇಳದಿರುವುದಕ್ಕಿಂತ ಕ್ರೂರ.

ಶಸ್ತ್ರಕ್ರಿಯೆಯ ಹಿಂದಿನ ದಿನ ಭಕ್ತನಿಗೆ ಎಲ್ಲಕ್ಕಿಂತ ಕಠಿಣವಾದ ಪ್ರಶ್ನೆ ಎದುರಾಗುತ್ತದೆ. ಮೈಮೇಲಿನ ಲೋಹ, ದಾರ ಎಲ್ಲವನ್ನೂ ತೆಗೆಯಬೇಕೆಂದು ದಾದಿ ಹೇಳುತ್ತಾಳೆ. ಕತ್ತಿ ಆಡುವುದು ಎದೆಯ ಮೇಲೆ; ಶಿವದಾರ ಇರುವುದೂ ಅಲ್ಲಿಯೇ. ದೀಕ್ಷೆಯಾದಂದಿನಿಂದ ಅಗಲಿಸದ ಇಷ್ಟಲಿಂಗವನ್ನು ಇಳಿಸುವುದು ಹೇಗೆ? "ಪ್ರಾಣ ಹೋದರೂ ತೆಗೆಯೆ" ಎಂದು ಚಿಕಿತ್ಸೆಯನ್ನೇ ಬೇಡವೆನ್ನುವ ಮನಸ್ಸು ಬರುವುದುಂಟು. ಆ ನಿಷ್ಠೆಯನ್ನು ಹಾಸ್ಯಮಾಡತಕ್ಕದ್ದಲ್ಲ, ತಿಳಿಯಹೇಳತಕ್ಕದ್ದು. ತಲೆ, ಕೊರಳು, ಕಂಕುಳು, ಎದೆ, ಉದರ, ಹಸ್ತ, ಇವುಗಳಲ್ಲಿ ಯಾವುದಾದರೊಂದು ಸ್ಥಾನದಲ್ಲಿ ಲಿಂಗವನ್ನು ಧರಿಸಬಹುದೆಂದು ಸಿದ್ಧಾಂತಶಿಖಾಮಣಿಯೇ ವಿಧಿಸಿದೆ. ನಾಭಿಯ ಕೆಳಗೆ ಮಾತ್ರ ನಿಷಿದ್ಧ. ಎದೆಗೆ ಗಾಯವಾದವನಿಗೆ ಶಾಸ್ತ್ರವು ಬೇರೆ ಎಡೆಗಳನ್ನು ತೆರೆದೇ ಇಟ್ಟಿದೆ. ಶಸ್ತ್ರಕ್ರಿಯೆಯ ಕೆಲವು ಗಂಟೆಗಳಲ್ಲಿ ಅದೂ ಆಗದಿದ್ದರೆ, ಸ್ಥೂಲತನುವಿಗೆ ಇಷ್ಟಲಿಂಗ, ಸೂಕ್ಷ್ಮತನುವಿಗೆ ಪ್ರಾಣಲಿಂಗ, ಕಾರಣತನುವಿಗೆ ಭಾವಲಿಂಗ ಎಂಬ ಉಪದೇಶವನ್ನು ನೆನೆಯಬೇಕು. ಅರಿವಳಿಕೆಯಿಂದ ಮೈಮರೆತು ಮಲಗಿದವನಿಂದ ಭಾವಲಿಂಗವನ್ನು ಬಿಚ್ಚಿಡುವ ವೈದ್ಯನುಂಟೆ? ಹುಲ್ಲು ಕೊಯ್ಯುವಾಗ ಲಿಂಗವು ನೀರಿಗೆ ಬಿದ್ದರೂ ನುಲಿಯ ಚಂದಯ್ಯ ಕಾಯಕವನ್ನು ನಿಲ್ಲಿಸದೆ ನಡೆದನೆಂದೂ, ಲಿಂಗವೇ ಅವನನ್ನು ಹಿಂಬಾಲಿಸಿತೆಂದೂ ಪುರಾತನರ ಕಥೆಯಿದೆ. ಅದು ಔದಾಸೀನ್ಯವಲ್ಲ, ಅಗಲಿಕೆಯ ಭಯವಿಲ್ಲದವನ ನಡೆ.

ಹಾಗಾದರೆ ಆ ಹೊತ್ತಿನಲ್ಲಿ ಇಷ್ಟಲಿಂಗವಿರುವುದೆಲ್ಲಿ? ಒಬ್ಬರ ಲಿಂಗವನ್ನು ಇನ್ನೊಬ್ಬರು ಮುಟ್ಟಬಾರದೆನ್ನುವ ಹಿರಿಯರಿದ್ದಾರೆ. ಆದರೆ ಬೀಗದ ಪೆಟ್ಟಿಗೆಯಲ್ಲಿ ಬಟ್ಟೆಬರೆಯೊಡನೆ ಇಡುವುದಕ್ಕಿಂತ, ತಾನೂ ದೀಕ್ಷೆ ಪಡೆದ ಪತ್ನಿ ಮಡಿವಸ್ತ್ರದಲ್ಲಿ ಸುತ್ತಿ ಎದೆಗವಚಿಕೊಂಡು ಕುಳಿತಿರುವುದು ಮೇಲಲ್ಲವೆ? ಹೆಣ್ಣಿಗೂ ಸಮಾನವಾಗಿ ಲಿಂಗವನ್ನು ಕೊಟ್ಟ ಧರ್ಮದಲ್ಲಿ ಈ ಕೈಗೆ ಅನರ್ಹತೆ ಎಲ್ಲಿಂದ ಬರಬೇಕು?

ಶಸ್ತ್ರಕ್ಕೆ ಒಪ್ಪುವುದು ಶಿವನಲ್ಲಿ ಅವಿಶ್ವಾಸವೆಂಬ ವಾದಕ್ಕೆ ಹೆಚ್ಚು ಉತ್ತರ ಬೇಡ. ಶರಣರೊಳಗೇ ವೈದ್ಯ ಸಂಗಣ್ಣನಿದ್ದನು. ಸಿದ್ಧಗಂಗೆಯ ಶ್ರೀ ಶಿವಕುಮಾರ ಸ್ವಾಮಿಗಳವರು 2018ರ ಡಿಸೆಂಬರಿನಲ್ಲಿ, ತಮ್ಮ 111ನೆಯ ವಯಸ್ಸಿನಲ್ಲಿ, ಚೆನ್ನೈ ನಗರದಲ್ಲಿ ಶಸ್ತ್ರಚಿಕಿತ್ಸೆಗೆ ಒಳಗಾದರು.

ಸ್ತನವನ್ನೂ ಕಂಕುಳಿನ ಗ್ರಂಥಿಗಳನ್ನೂ ತೆಗೆದ ಮೇಲೆ, ಒಳಗೆ ಒಸರುವ ದ್ರವ ಹರಿದುಬರಲು ಗಾಯದ ಬಳಿ ಒಂದು ಕೊಳವೆಯನ್ನಿಟ್ಟಿರುತ್ತಾರೆ. ಅದರ ತುದಿಯ ಬುರುಡೆಯನ್ನು ಖಾಲಿ ಮಾಡಿ, ಎಷ್ಟು ಮಿಲಿಲೀಟರ್ ಬಂದಿತೆಂದು ಬರೆದಿಡಬೇಕು. ಮನೆಗೆ ಬಂದಮೇಲೂ ಕೆಲವು ದಿನ ಇದು ನಡೆಯುವುದುಂಟು. ರಕ್ತಮಿಶ್ರಿತವಾದ ಆ ನೀರನ್ನು ಅಳೆಯುವಾಗ ಪತ್ನಿಯ ಮುಖದಲ್ಲಿ ಹೇಸಿಕೆ ಕಂಡೀತೇ ಎಂದು ರೋಗಿ ಕಳ್ಳನಂತೆ ನೋಡುತ್ತಿರುತ್ತಾನೆ. ಮನೆಯ ಮುಂದೆ ಜಂಗಮನ ಪಾದ ತೊಳೆಯುವ ಕೈ ಇದನ್ನೂ ಅದೇ ಭಾವದಿಂದ ಮಾಡಬಲ್ಲದಾದರೆ ದಾಸೋಹವೆಂಬ ಶಬ್ದಕ್ಕೆ ಬೇರೆ ನಿಘಂಟು ಬೇಕಿಲ್ಲ.

ಇನ್ನು ಪೂಜೆ. ಲಿಂಗವನ್ನು ಹಿಡಿಯುವುದು ಎಡ ಅಂಗೈಯಲ್ಲಿ, ಗಾಯವಾದದ್ದೂ ಎಡಗಡೆಯಲ್ಲಿ. ತೋಳು ಬಿಗಿದಿರುತ್ತದೆ, ಸ್ವಲ್ಪ ಹೊತ್ತಿಗೇ ನಡುಗುತ್ತದೆ. ಪತ್ನಿ ಮೊಣಕೈಯ ಕೆಳಗೆ ದಿಂಬಿಟ್ಟು, ಪತಿಯ ಅಂಗೈಯ ಕೆಳಗೆ ತನ್ನ ಅಂಗೈಯನ್ನು ಒಡ್ಡಬಹುದು; ಅಭಿಷೇಕದ ನೀರು ತೊಟ್ಟಿಕ್ಕಿ ಗಾಯದ ಪಟ್ಟಿ ನೆನೆಯದಂತೆ ಬಟ್ಟೆ ಹಿಡಿಯಬಹುದು. ಆದರೆ ವಿಭೂತಿಯನ್ನು ಧರಿಸುವುದು, ಪತ್ರೆಯನ್ನು ಏರಿಸುವುದು, ದೃಷ್ಟಿಯನ್ನು ನಿಲ್ಲಿಸುವುದು ಅವರದೇ. ಅವಸರದಿಂದ ಅದನ್ನೂ ತಾನೇ ಮಾಡಿ ಮುಗಿಸಿದರೆ ಪೂಜೆ ಬೇಗ ಮುಗಿದೀತು, ಪತಿ ಮಾತ್ರ ತನ್ನ ಮನೆಯಲ್ಲಿಯೇ ಅತಿಥಿಯಾಗುತ್ತಾನೆ. ವೈದ್ಯರು ಹೇಳಿಕೊಟ್ಟ ತೋಳಿನ ವ್ಯಾಯಾಮದಲ್ಲಿಯೂ ಹೀಗೆಯೇ: ಗೋಡೆಯ ಮೇಲೆ ಬೆರಳುಗಳನ್ನು ಹತ್ತಿಸುವಾಗ ನೋವನ್ನು ಕಂಡು "ಸಾಕು ಬಿಡಿ" ಎನ್ನುವ ಕರುಣೆ ತೋಳನ್ನು ಮರಗಟ್ಟಿಸುತ್ತದೆ.

ಆಸ್ಪತ್ರೆಯ ನೆಲದ ಮೇಲೆ ಮಲಗಿದ ಆಕೆಗೆ ತನ್ನ ಪೂಜೆಯ ವೇಳೆ ತಪ್ಪಿತೆಂಬ ಕೊರಗು ಬೇಡ. ಕಾಯಕದಲ್ಲಿ ತೊಡಗಿದವನಿಗೆ ಗುರುದರ್ಶನ ತಪ್ಪಿದರೂ ದೋಷವಿಲ್ಲವೆಂಬ ಅರ್ಥದಲ್ಲಿ ಮಾರಯ್ಯನು ನುಡಿದಿದ್ದಾನೆ. ಆಕೆಗೆ ಊಟವಾಯಿತೇ ಎಂದು ಕೇಳುವವರು ನೆರೆಹೊರೆಯವರು. ರೋಗಿಯನ್ನು ನೋಡಲು ಬಂದು, ಅದೇ ರೋಗದಿಂದ ತೀರಿಕೊಂಡವರ ಕಥೆಗಳನ್ನು ಹೇಳಿ ಕಾಫಿ ಕುಡಿದು ಹೋಗುವ ಬಂಧುಗಳಿಗಿಂತ, ಬಾಗಿಲಲ್ಲಿ ಬುತ್ತಿಯಿಟ್ಟು ಮಾತಿಲ್ಲದೆ ತೆರಳುವವರು ಭಕ್ತಿವಂತರು.

ಇದೆಲ್ಲವೂ ಸತಿಯ ಪಾಲಿನ ಧರ್ಮವೆಂದು ಓದುತ್ತ ನೆಮ್ಮದಿಯಿಂದಿರುವ ಗೃಹಸ್ಥರುಂಟು. ನೂರರಲ್ಲಿ ತೊಂಬತ್ತೊಂಬತ್ತು ಮನೆಗಳಲ್ಲಿ ಈ ರೋಗ ಬರುವುದು ಹೆಂಡತಿಗೆ. ಅಲ್ಲಿ ಆ ಬುರುಡೆಯನ್ನು ಅಳೆದು ಬರೆದಿಡುವ ಗಂಡಂದಿರೆಷ್ಟು? ಹೆತ್ತವರ ಮನೆಗೆ ಕಳುಹಿಸಿ, ವಾಸಿಯಾದ ಮೇಲೆ ಕರೆತರುವವರೆಷ್ಟು? ಸತಿಪತಿಗಳ ಭಕ್ತಿ ಒಂದಾಗಬೇಕೆಂದ ದಾಸಿಮಯ್ಯನು ಇಬ್ಬರನ್ನೂ ಹೆಸರಿಸಿಯೇ ಹೇಳಿದನು.

ಕೊಳವೆ ತೆಗೆದು, ಹೊಲಿಗೆ ಬಿಚ್ಚಿದ ಮೇಲೂ ಕೆಲಸ ಮುಗಿಯುವುದಿಲ್ಲ. ಆ ತೋಳು ಬಾತುಕೊಳ್ಳುವುದೇ ಎಂದು ನೋಡುತ್ತಿರಬೇಕು; ಸೂಜಿಚುಚ್ಚುವುದಕ್ಕೆ ಬಲತೋಳನ್ನೇ ಒಡ್ಡಬೇಕು; ಅನೇಕರಿಗೆ ಐದು ವರ್ಷ ಮಾತ್ರೆಯೂ ಉಂಟು. ಗಾಯ ಮಾಯ್ದು ಲಿಂಗವು ಮತ್ತೆ ಎದೆಗೆ ಬರುವ ದಿನ, ಮೊದಲಿನ ಅಳತೆಯ ದಾರದಲ್ಲಿ ಕರಡಿಗೆ ನೇರವಾಗಿ ಕಲೆಯ ಮೇಲೆ ಕುಳಿತು ಉಜ್ಜುತ್ತದೆ. ಅದಕ್ಕಾಗಿ ಪತ್ನಿ ಹೊಸ ಶಿವದಾರವನ್ನು ನಾಲ್ಕು ಬೆರಳು ಗಿಡ್ಡಮಾಡಿ ಹೊಸೆದಿಡುತ್ತಾಳೆ. ಕಟ್ಟಿಕೊಳ್ಳುವುದು ಅವರೇ, ಎರಡು ಕೈಗಳನ್ನೂ ಕತ್ತಿನ ಹಿಂದಕ್ಕೆ ಎತ್ತಿ, ಎಷ್ಟು ಹೊತ್ತು ಹಿಡಿದರೂ ಸರಿ.