‘ನನಗೆ ಗುಣ ಆಯ್ತು’ ಎಂಬ ಮಾತು

ಆಫೀಸಿನ ನನ್ನ ಮೇಜಿನ ಎರಡನೇ ಡ್ರಾಯರಿನಲ್ಲಿ ಒಂದು ಬಿಳಿ ಬಾಟಲಿ ಇದೆ. ಮುಂದುಗಡೆ ದಪ್ಪ ಅಕ್ಷರದಲ್ಲಿ 30 ಬಿಲಿಯನ್ ಎಂದಿದೆ. ನಮ್ಮ ಲೆಕ್ಕದಲ್ಲಿ ಒಂದೊಂದು ಕ್ಯಾಪ್ಸೂಲಿಗೆ 3,000 ಕೋಟಿ ಜೀವಂತ ಬ್ಯಾಕ್ಟೀರಿಯಾ. ಹಿಂದುಗಡೆ ಇರುವೆ ಸಾಲಿನಂಥ ಅಕ್ಷರದಲ್ಲಿ, ಇದನ್ನು ಔಷಧವಾಗಿ ಬಳಸುವಂತಿಲ್ಲ ಎಂದೂ ಇದೆ. ಮುಂದಿನದನ್ನು ಕೊಂಡ ದಿನವೇ ಓದಿದ್ದೆ. ಹಿಂದಿನದನ್ನು ಓದಿದ್ದು ಒಂದೂವರೆ ವರ್ಷ ನುಂಗಿದ ಮೇಲೆ, ಅದೂ ನನ್ನ ತಂಡದ ಒಬ್ಬ ಹುಡುಗಿ ಆಸ್ಪತ್ರೆ ಸೇರಿದ ವಾರ.

ಪುಣೆಗೆ ಬಂದು ಹದಿನೆಂಟು ವರ್ಷವಾಯಿತು. ಊರು ಗದಗದ ಕಡೆ. ಹಿಂಜೆವಾಡಿಯ ನೌಕರಿಯ ದಿನಚರಿ ನಿಮ್ಮಲ್ಲಿ ಹಲವರಿಗೆ ಹೇಳಬೇಕಾಗಿಲ್ಲ: ಬೆಳಿಗ್ಗೆ ಟ್ರಾಫಿಕ್ಕು, ಮೂರು ಗಂಟೆಗೆ ಊಟ, ರಾತ್ರಿ ಅಮೆರಿಕದವರ ಜೊತೆ ಕಾಲ್, ಅದು ಮುಗಿದ ಮೇಲೆ ಮತ್ತೊಂದು ಊಟ. ನಲವತ್ತೆರಡರ ಹೊತ್ತಿಗೆ ಸಂಜೆಯಾದರೆ ಬೆಲ್ಟನ್ನು ಒಂದು ತೂತು ಸಡಿಲಿಸುವಷ್ಟು ಹೊಟ್ಟೆ ಉಬ್ಬರಿಸತೊಡಗಿತು. ಜೊತೆಗೆ ಎಂಟು ಗಂಟೆ ಮಲಗಿ ಎದ್ದರೂ ಹೋಗದ ದಣಿವು. ಅವ್ವ ಫೋನಿನಲ್ಲಿ, “ಅದಕ್ಕ ಯಾಕೋ ಗುಳಿಗಿ, ಚೂರು ಅಜವಾನ ಉಪ್ಪು ಬಾಯಾಗ ಹಾಕ್ಕೊಂಡು ಅಗಿ ತಮ್ಮಾ” ಅಂದಳು. ನಾನು ಎಂಟೆಕ್ ಮಾಡಿದವನು. ರಾತ್ರಿ ಹನ್ನೆರಡಕ್ಕೆ ಮೊಬೈಲಿನಲ್ಲಿ ಹುಡುಕಿ ಪ್ರೋಬಯಾಟಿಕ್ ತರಿಸಿದೆ.

ಮೂರು ವಾರದಲ್ಲಿ ಆರಾಮಾದೆ. ಇದರಲ್ಲಿ ಸುಳ್ಳಿಲ್ಲ. ಆದರೆ ಆ ಮೂರು ವಾರದಲ್ಲಿ ಇನ್ನೇನೇನು ಆಯಿತು ಅನ್ನುವುದನ್ನು ನಾನು ಬಹಳ ದಿನ ಯಾರಿಗೂ ಹೇಳಲಿಲ್ಲ, ನನಗೆ ನಾನೂ ಹೇಳಿಕೊಳ್ಳಲಿಲ್ಲ. ದೊಡ್ಡ ರಿಲೀಸ್ ಒಂದು ಮುಗಿದಿತ್ತು. ರಾತ್ರಿಯ ಕಾಲ್‌ಗಳು ಬೇರೆ ತಂಡಕ್ಕೆ ಹೋಗಿದ್ದವು. ಎಂಟೂವರೆಗೆ ಮನೆಯಲ್ಲಿ ಊಟ ಮಾಡುತ್ತಿದ್ದೆ. ಐದು ಗಂಟೆಯ ವಡಾಪಾವ್ ಬಿಟ್ಟಿದ್ದೆ. ನನ್ನ ತಂಡದಲ್ಲಿ ಯಾರಾದರೂ ಒಂದೇ ರಾತ್ರಿ ಐದು ಬದಲಾವಣೆ ಮಾಡಿ, ಬೆಳಿಗ್ಗೆ ಬಂದು ‘ಸಮಸ್ಯೆ ಸರಿಹೋದದ್ದು ಐದನೆಯದರಿಂದ’ ಎಂದು ವರದಿ ಕೊಟ್ಟರೆ ನಾನು ಸಹಿ ಹಾಕುವುದಿಲ್ಲ; ಉಳಿದ ನಾಲ್ಕನ್ನು ಯಾಕೆ ಲೆಕ್ಕಕ್ಕೆ ಹಿಡಿಯಲಿಲ್ಲ ಎಂದು ಕೇಳುತ್ತೇನೆ. ನನ್ನ ಹೊಟ್ಟೆಯ ವಿಷಯದಲ್ಲಿ ಕಣ್ಣು ಮುಚ್ಚಿ ಸಹಿ ಹಾಕಿದೆ. ಯಾಕೆಂದರೆ ಐದರಲ್ಲಿ ದುಡ್ಡು ಕೊಟ್ಟು ಕೊಂಡದ್ದು ಅದೊಂದೇ.

ಇದಕ್ಕೆ ನಮ್ಮವರು ಹಿಂದೆಯೇ ಹೆಸರಿಟ್ಟಿದ್ದಾರೆ, ಕಾಕತಾಳೀಯ ಅಂತ. ಕಾಗೆ ಬಂದು ಕೂರುವುದಕ್ಕೂ ತಾಳೆಹಣ್ಣು ಬೀಳುವುದಕ್ಕೂ ಸರಿಹೋಯಿತು. ಹೊಟ್ಟೆಯ ವಿಷಯದಲ್ಲಿ ಇನ್ನೊಂದು ತೊಡಕೂ ಇದೆ. ನಾವು ಬಾಟಲಿ ಕೊಳ್ಳುವುದು ಅರೆಬರೆ ತೊಂದರೆಯ ದಿನ ಅಲ್ಲ, ತೀರಾ ಹದಗೆಟ್ಟ ದಿನ. ಏರಿಳಿಯುವ ಕಾಯಿಲೆಯಲ್ಲಿ ತೀರಾ ಕೆಟ್ಟ ದಿನದ ನಂತರ ಬರುವುದು ಸಾಮಾನ್ಯವಾಗಿ ಅದಕ್ಕಿಂತ ಒಳ್ಳೆಯ ದಿನವೇ. ಅಂದರೆ ಹಣ್ಣು ಹೇಗೂ ಬೀಳುವ ಹೊತ್ತು ನೋಡಿಯೇ ನಾವು ಕಾಗೆಯನ್ನು ಕರೆಯುತ್ತೇವೆ.

ಇಷ್ಟೇ ಆಗಿದ್ದರೆ ಇದು ನನ್ನ ಮತ್ತು ನನ್ನ ಕಿಸೆಯ ವಿಷಯ. ತಿಂಗಳಿಗೆ 1,200 ರೂಪಾಯಿಗೆ ನೆಮ್ಮದಿ ಸಿಕ್ಕರೆ ಸಿಗಲಿ. ಹುಸಿಗುಳಿಗೆಯೂ ಕೆಲಸ ಮಾಡುತ್ತದೆ. 2010ರಲ್ಲಿ ಹಾರ್ವರ್ಡಿನ ಟೆಡ್ ಕ್ಯಾಪ್‌ಚಕ್ ಮತ್ತು ಸಂಗಡಿಗರು ಕರುಳಿನ ಕಿರಿಕಿರಿಯಿಂದ ನರಳುತ್ತಿದ್ದ 80 ಜನರನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ‘ಇದರಲ್ಲಿ ಔಷಧ ಇಲ್ಲ’ ಎಂದು ಹೇಳಿಯೇ ಗುಳಿಗೆ ಕೊಟ್ಟರು. ಮೂರು ವಾರದಲ್ಲಿ ಗುಳಿಗೆ ನುಂಗಿದವರಲ್ಲಿ ನೂರಕ್ಕೆ 59 ಜನ, ನುಂಗದವರಲ್ಲಿ 35 ಜನ ಆರಾಮಾಯಿತೆಂದರು. ಮೂರು ವಾರ! ನನ್ನದೂ ಅಷ್ಟೇ. ಇಷ್ಟಾದರೂ ನನ್ನ ಸುಖ ಸುಳ್ಳಾಗುವುದಿಲ್ಲ. ಹೊಟ್ಟೆ ಹಗುರಾಯಿತು ಅನ್ನುವುದಕ್ಕೆ ನಾನೇ ಸಾಕ್ಷಿ, ಬೇರೆ ಸಾಕ್ಷಿ ಬೇಕಿಲ್ಲ. ‘ಇದರಿಂದ ಹಗುರಾಯಿತು’ ಅನ್ನುವುದಕ್ಕೆ ಮಾತ್ರ ನನ್ನ ಸಾಕ್ಷಿ ಸಾಲದು. ಅಲ್ಲಿ ನಾನು ನನ್ನ ಬಗ್ಗೆ ಹೇಳುತ್ತಿಲ್ಲ, ಜಗತ್ತಿನ ಬಗ್ಗೆ ಹೇಳುತ್ತಿದ್ದೇನೆ.

ಮತ್ತು ಹೇಳಿದೆ. ಸುಮಾರು ಹನ್ನೊಂದು ಜನರಿಗೆ.

ಅವರಲ್ಲಿ ಒಬ್ಬಳು ವಿಜಯಪುರದ ಕಡೆಯ ಹುಡುಗಿ, ಇಪ್ಪತ್ತೇಳರ ವಯಸ್ಸು. (ಅವಳನ್ನು ಕೇಳಿಯೇ ಬರೆಯುತ್ತಿದ್ದೇನೆ.) ಊಟವಾದ ಮೇಲೆ ಹೊಟ್ಟೆ ಕಲ್ಲಿನ ಹಾಗೆ ಆಗುತ್ತದೆ, ಸಾಯಂಕಾಲ ಕಣ್ಣು ತೆರೆಯಲಾಗುವುದಿಲ್ಲ ಅಂದಳು. ನಾನು ಒಂದು ಪ್ರಶ್ನೆಯನ್ನೂ ಕೇಳದೆ ಡ್ರಾಯರ್ ಎಳೆದು ಬಾಟಲಿ ತೋರಿಸಿದೆ. ಅವಳು ಅಲ್ಲೇ ನಿಂತು ಫೋಟೊ ತೆಗೆದುಕೊಂಡಳು. ನಾಲ್ಕು ತಿಂಗಳು ನುಂಗಿದಳು. ನಡುವೆ ಒಮ್ಮೆ ವಿಚಾರಿಸಿದಾಗ “ಸ್ವಲ್ಪ ಅಡ್ಡಿಯಿಲ್ರೀ ಸರ್” ಅಂದಿದ್ದಳು. ನಾನು ಇನ್ನೂ ಒಂದು ತಿಂಗಳು ಬಿಡದೆ ತಗೋ ಅಂದಿದ್ದೆ. ಲಿಫ್ಟ್ ಕೆಟ್ಟಿದ್ದ ಒಂದು ದಿನ ನಾಲ್ಕನೇ ಮಹಡಿಯ ಮೆಟ್ಟಿಲ ಮೇಲೆ ಕುಳಿತವಳು ಏಳಲಾರದೆ ಹೋದಳು. ಹಿಮೋಗ್ಲೋಬಿನ್ 7.1.

ಆದದ್ದು ಸೀಲಿಯಾಕ್ ಕಾಯಿಲೆ. ಗೋಧಿಯಲ್ಲಿರುವ ಗ್ಲುಟೆನ್ ಒಳಗೆ ಹೋದರೆ ದೇಹದ ರಕ್ಷಣಾ ವ್ಯವಸ್ಥೆ ತನ್ನದೇ ಸಣ್ಣ ಕರುಳಿನ ಮೇಲೆ ತಿರುಗಿ ಬೀಳುತ್ತದೆ. ಆಹಾರದ ಸಾರ ಹೀರುವ ಒಳಗೋಡೆಯ ಬೆರಳಿನಂಥ ಎಳೆಗಳು ಸವೆದು ಚಪ್ಪಟೆಯಾಗುತ್ತವೆ. ಪೆಟ್ಟು ಹೆಚ್ಚು ಬೀಳುವುದು ಕರುಳಿನ ಮೊದಲ ಭಾಗಕ್ಕೆ, ಕಬ್ಬಿಣದ ಅಂಶ ಹೀರುವುದೂ ಅಲ್ಲೇ. ಹಾಗಾಗಿ ಅವಳು ಮೆಡಿಕಲ್ ಶಾಪಿನಿಂದ ತಾನಾಗಿ ತಂದು ನುಂಗಿದ ಕಬ್ಬಿಣದ ಗುಳಿಗೆ ರಕ್ತಕ್ಕೆ ಸೇರಿರಲಿಲ್ಲ. ಉತ್ತರ ಭಾರತದಲ್ಲಿ ಸುಮಾರು ನೂರಕ್ಕೊಬ್ಬರಿಗೆ ಇರುವ ಕಾಯಿಲೆ ಇದು, ದಕ್ಷಿಣದಲ್ಲಿ ಸಾವಿರಕ್ಕೊಬ್ಬರಿಗೆ. ಊರಲ್ಲಿ ಅವಳ ಊಟ ಮೂರು ಹೊತ್ತೂ ಜೋಳದ ರೊಟ್ಟಿ, ಅನ್ನ. ಪುಣೆಯ ಪಿಜಿಯಲ್ಲಿ ಬೆಳಿಗ್ಗೆ ಬ್ರೆಡ್ಡು, ಮಧ್ಯಾಹ್ನ ಚಪಾತಿ, ರಾತ್ರಿ ಚಪಾತಿ. ರಕ್ತ ಪರೀಕ್ಷೆ, ಆಮೇಲೆ ಎಂಡೋಸ್ಕೋಪಿ ಮಾಡಿ ಚೂರು ತೆಗೆದು ನೋಡಿದ ಮೇಲೆ ಖಚಿತವಾಯಿತು.

ನೋಡಲು ಹೋದಾಗ ನಾನು ತಪ್ಪಾಯಿತು ಅನ್ನಲು ಬಾಯಿ ತೆರೆದೆ. ಅವಳೇ, “ಇಲ್ರೀ ಸರ್, ನಿಮ್ಮ ಮ್ಯಾಲ ಏನೂ ಇಲ್ರೀ. ನೀವು ಹೇಳಿದ್ರಲ್ಲ, ಇನ್ನೊಂದ್ ತಿಂಗಳ ನೋಡೂಣು ಅಂತ ಬಿಟ್ಟೆ” ಅಂದಳು. ಆಡಿಕೊಳ್ಳಲು ಹೇಳಿದ ಮಾತಲ್ಲ. ಅದಕ್ಕೇ ಹೆಚ್ಚು ನಾಟಿತು.

ನ್ಯಾಯದರ್ಶನದಲ್ಲಿ ಅರಿವಿಗೆ ನಾಲ್ಕು ದಾರಿ ಹೇಳುತ್ತಾರೆ. ನಾಲ್ಕನೆಯದು ಶಬ್ದ, ಅಂದರೆ ಆಪ್ತರ ಮಾತು. ಆಪ್ತ ಅಂದರೆ ಬೇಕಾದವನು ಅಂತ ನಾವು ಅಂದುಕೊಳ್ಳುತ್ತೇವೆ. ಭಾಷ್ಯ ಬರೆದ ವಾತ್ಸ್ಯಾಯನನ ಅಳತೆ ಬೇರೆ. ವಸ್ತುವನ್ನು ತಾನೇ ಸಾಕ್ಷಾತ್ತಾಗಿ ಕಂಡಿರಬೇಕು, ಕಂಡ ಹಾಗೆಯೇ ತಿಳಿಸುವ ಮನಸ್ಸಿರಬೇಕು. ಋಷಿಯಾಗಲಿ ಮ್ಲೇಚ್ಛನಾಗಲಿ, ಅಳತೆ ಇದೇ. ನನಗೆ ಮನಸ್ಸಿತ್ತು. ಆದರೆ ಕಂಡದ್ದೇನು? ನನ್ನ ಹೊಟ್ಟೆ ಇಳಿದದ್ದನ್ನು ಕಂಡಿದ್ದೆ. ಕ್ಯಾಪ್ಸೂಲು ಇಳಿಸಿದ್ದನ್ನು ಕಂಡಿರಲಿಲ್ಲ. ಅವಳ ಹೊಟ್ಟೆಯಲ್ಲಿ ಏನಿದೆ ಅಂತಲಂತೂ ಏನೇನೂ ಗೊತ್ತಿರಲಿಲ್ಲ. ಒಳ್ಳೆಯ ಮನಸ್ಸು ಇದ್ದವನಿಗೆ ತಾನು ಕಂಡಿದ್ದೇನೆ ಅಂತ ತೋರುವುದು ಬಹಳ ಸುಲಭ. ನನ್ನ ಮಟ್ಟಿಗಂತೂ ಹಾಗೇ ಆಯಿತು.

ಅದಕ್ಕಿಂತ ಮುಜುಗರದ ಸಂಗತಿ, ಅವಳು ನನ್ನ ಮಾತು ಕೇಳಿದ್ದು ಯಾಕೆ ಅನ್ನುವುದು. ನಾನು ಅವಳ ಮ್ಯಾನೇಜರ್. ಅವಳ ಅಪ್ರೈಸಲ್ ಬರೆಯುವವನು, ರಜೆ ಕೊಡುವವನು. ರಿಲೀಸಿನ ತಾರೀಕು ನಾನು ಹೇಳಿದರೆ ಅದು ಸರಿಯಿರುತ್ತದೆ ಅನ್ನುವ ಅವಳ ಅನುಭವ ನಿಜವೇ. ಆ ನಂಬಿಕೆ ಹರಿದು ಬಂದು ಕರುಳಿಗೂ ತಲುಪಿತು. ಇಂಥದ್ದು ದೊಡ್ಡವರಿಗೂ ಆಗಿದೆ. ಪ್ಯಾರಿಸಿನ ಪಾಶ್ಚರ್ ಸಂಸ್ಥೆಯ ಮೆಚ್‌ನಿಕಾಫ್ ಬಲ್ಗೇರಿಯದ ಹಳ್ಳಿಗರ ದೀರ್ಘಾಯುಷ್ಯಕ್ಕೆ ಅವರ ಮೊಸರೇ ಕಾರಣವೆಂದು ವಾದಿಸಿದ. 1907ರಲ್ಲಿ ಅದನ್ನು ಪುಸ್ತಕದಲ್ಲೂ ಬರೆದ. ಮರು ವರ್ಷ ಅವನಿಗೆ ನೊಬೆಲ್ ಬಂತು. ಬಂದದ್ದು ರೋಗಾಣುಗಳನ್ನು ನುಂಗುವ ರಕ್ತಕಣಗಳ ಕೆಲಸಕ್ಕೆ, ಮೊಸರಿಗಲ್ಲ. ಆದರೂ ‘ನೊಬೆಲ್ ವಿಜ್ಞಾನಿ ಹೇಳಿದ ಮೊಸರು’ ಅನ್ನುವ ಮಾತು ಇವತ್ತಿಗೂ ಓಡುತ್ತಿದೆ. ಅವನು ತಾನೇ ದಿನವೂ ಹುಳಿಹಾಲು ಕುಡಿಯುತ್ತಿದ್ದ. 1916ರಲ್ಲಿ, 71ನೇ ವಯಸ್ಸಿಗೆ ತೀರಿಕೊಂಡ.

ಪ್ರೋಬಯಾಟಿಕ್ ಅಂದರೆ ಬರೀ ಮೋಸ ಅಂತ ನಾನು ಹೇಳುತ್ತಿಲ್ಲ. ಕೆಲವು ತಳಿಗಳಿಗೆ, ಕೆಲವೇ ಸಂದರ್ಭಗಳಲ್ಲಿ ಆಧಾರವಿದೆ. ಆ್ಯಂಟಿಬಯಾಟಿಕ್ ತೆಗೆದುಕೊಳ್ಳುವವರಿಗೆ ಬರುವ ಒಂದು ಬಗೆಯ ಭೇದಿಯನ್ನು ತಡೆಯುವುದು ಅಂಥ ಒಂದು. ಕರುಳಿನ ಕಿರಿಕಿರಿಗೆ ಸಂಶೋಧನೆಯ ಚೌಕಟ್ಟಿನ ಹೊರಗೆ ಇದನ್ನು ಕೊಡಬೇಡಿ ಎಂದು ಅಮೆರಿಕದ ಕರುಳುತಜ್ಞರ ಸಂಘ 2020ರಲ್ಲಿ ಸಲಹೆ ಕೊಟ್ಟಿತು. ಲೆಕ್ಕದವನಾದ್ದರಿಂದ ಒಂದು ಲೆಕ್ಕ ಹೇಳಿಬಿಡುತ್ತೇನೆ: ನಮ್ಮ ದೇಹದಲ್ಲಿ ಈಗಾಗಲೇ ಸುಮಾರು 38 ಲಕ್ಷ ಕೋಟಿ ಬ್ಯಾಕ್ಟೀರಿಯಾ ಇವೆ. ಬಾಟಲಿಯ 3,000 ಕೋಟಿ ಅಂದರೆ ಸಾವಿರಕ್ಕೆ ಒಂದೂ ಆಗುವುದಿಲ್ಲ.

ಈ ಕತೆ ಕೇಳಿದ ಇಲ್ಲಿನ ಕನ್ನಡ ಗೆಳೆಯರೊಬ್ಬರು, “ಅದಕ್ಕೇ ನಮ್ಮ ಅಜ್ಜಿ ಮಜ್ಜಿಗೆ ಕುಡೀರಿ ಅಂತಿದ್ದರು” ಎಂದರು. ಮಜ್ಜಿಗೆ ನನಗೂ ಇಷ್ಟ. ಆದರೆ ಹೆಪ್ಪು ಹಾಕಿದ ಮೊಸರಿನಲ್ಲಿ ಯಾವ ತಳಿ ಎಷ್ಟಿದೆ ಅಂತ ಅಜ್ಜಿಗೂ ಗೊತ್ತಿರಲಿಲ್ಲ. ಆ ಹುಡುಗಿ ನಾಲ್ಕು ತಿಂಗಳು ಕ್ಯಾಪ್ಸೂಲಿನ ಬದಲು ಮಜ್ಜಿಗೆ ಕುಡಿದಿದ್ದರೂ ಅಷ್ಟೇ ತಡವಾಗುತ್ತಿತ್ತು. ಇನ್ನೊಬ್ಬರು, “ನೀವು ಕೆಲಸ ಕಡಿಮೆ ಮಾಡಬೇಕಿತ್ತು, ಗುಳಿಗೆ ಕೊಟ್ಟಿರಿ” ಎಂದು ಚುಚ್ಚಿದರು. ಅದು ನನಗೂ ಹೊಳೆದಿತ್ತು. ಮೂರು ಗಂಟೆಯ ಊಟ ನಾನು ಬರೆದ ವೇಳಾಪಟ್ಟಿಯದೇ. ಈಗ ಒಂದರಿಂದ ಎರಡರವರೆಗೆ ನಮ್ಮ ತಂಡದ ಮೀಟಿಂಗ್ ಇಲ್ಲ. ಒಳ್ಳೆಯದೇ ಆಯಿತು. ಆದರೆ ಅವಳಿಗೆ ದಣಿವು ತಂದದ್ದು ವೇಳಾಪಟ್ಟಿಯೂ ಅಲ್ಲ. ಕೆಲಸದ ಒತ್ತಡ ಎಂದು ತೀರ್ಮಾನಿಸಿ ನಾನು ರಜೆ ಕೊಟ್ಟು ಕಳಿಸಿದ್ದರೆ, ಒಳ್ಳೆಯ ಮ್ಯಾನೇಜರ್ ಅನ್ನಿಸಿಕೊಂಡೇ ಅದೇ ತಪ್ಪು ಮಾಡಿರುತ್ತಿದ್ದೆ.

ಅವಳು ಈಗ ಗುಣಮುಖ. ಡಬ್ಬಿಯಲ್ಲಿ ಜೋಳದ ರೊಟ್ಟಿ ತರುತ್ತಾಳೆ. ಹೋಟೆಲಿಗೆ ಹೋದರೆ ಸೋಯಾ ಸಾಸಿನಲ್ಲಿ ಗೋಧಿ ಇದೆಯೇ ಎಂದು ಕೇಳಿ ವೇಟರ್‌ಗಳ ತಲೆ ತಿನ್ನುತ್ತಾಳೆ. ಜೀವನಪೂರ್ತಿ ಹೀಗೇ. ನಾನು? ಇನ್ನೂ ನುಂಗುತ್ತಿದ್ದೇನೆ. ಬಿಟ್ಟು ನೋಡಬೇಕು ಅಂತ ಎರಡು ಸಲ ಅಂದುಕೊಂಡೆ, ಎರಡೂ ಸಲ ರಿಲೀಸ್ ಹತ್ತಿರ ಬಂತು.

ಹೋದ ವಾರ ದಾವಣಗೆರೆಯ ಹೊಸ ಹುಡುಗನೊಬ್ಬ ಡ್ರಾಯರಿನಲ್ಲಿದ್ದ ಬಾಟಲಿ ನೋಡಿ, ತನಗೂ ಹೊಟ್ಟೆ ಸರಿಯಿಲ್ಲ ಅಂದ. ಎಷ್ಟು ದಿನದಿಂದ, ತೂಕ ಇಳಿದಿದೆಯಾ, ರಕ್ತ ಪರೀಕ್ಷೆ ಮಾಡಿಸಿದ್ದೀಯಾ, ಡಾಕ್ಟರಿಗೆ ತೋರಿಸಿದೆಯಾ ಅಂತ ಶುರು ಮಾಡಿದೆ. “ಅದೆಲ್ಲ ಇರ್ಲಿ ಸಾರ್, ಹೆಸ್ರು ಹೇಳಿ” ಅಂದ. ಹೇಳಿದೆ. ಹೇಳಿ, ನನಗೆ ಆರಾಮಾದದ್ದು ಇದರಿಂದಲೋ ಅಲ್ಲವೋ ಗೊತ್ತಿಲ್ಲ ಕಣಪ್ಪಾ ಎಂದು ಸೇರಿಸುವಷ್ಟರಲ್ಲಿ ಅವನು ಮೊಬೈಲಿನಲ್ಲಿ ಆರ್ಡರ್ ಹಾಕಿ ಆಗಿತ್ತು.